ಹೆಸರು ಹೇಳಲ್ಲ, ಪ್ರಾರ್ಥನೆ ಮಾಡಿಕೊಳ್ಳಿ

ಸೈತಾನನ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದಾನೆ. ಹೆಸರು ಟಿಟಿವಿಲಸ್. ಕೊಲೆ, ಸುಲಿಗೆ, ವ್ಯಭಿಚಾರದಂಥ ದೊಡ್ಡ ಖಾತೆಗಳು ಅವನ ಪಾಲಿಗೆ ಬಂದಿಲ್ಲ. ಚರ್ಚಿನಲ್ಲಿ ಪೂಜೆ ನಡೆಯುತ್ತಿರುವಾಗ ಹಿಂದಿನ ಸಾಲಿನಲ್ಲಿ ಕೂತು ಗುಸುಗುಸು ಮಾಡುವವರ ಮಾತನ್ನು ಒಂದಕ್ಷರ ಬಿಡದೆ ಬರೆದಿಟ್ಟುಕೊಳ್ಳುವುದಷ್ಟೇ ಅವನ ಕೆಲಸ. ಮಧ್ಯಯುಗದ ಯೂರೋಪಿನ ಪ್ರವಚನಕಾರರು ಇಂಥ ಬರೆಯುವ ದೆವ್ವದ ಕಥೆ ಹೇಳಿ ಜನರನ್ನು ಒಂದಷ್ಟು ನಗಿಸಿ, ಒಂದಷ್ಟು ಹೆದರಿಸುತ್ತಿದ್ದರು. ಒಂದು ದಿನ ಹೀಗಾಯಿತಂತೆ. ಇಬ್ಬರು ಹೆಂಗಸರು ಮಾತಿಗೆ ಕೂತರು. ಇವನು ಬರೆದ, ಬರೆದ, ಚರ್ಮದ ಹಾಳೆ ತುದಿಯವರೆಗೂ ತುಂಬಿತು. ಅವರ ಮಾತು ಮಾತ್ರ ಇನ್ನೂ ಪೀಠಿಕೆ ದಾಟಿರಲಿಲ್ಲ. ಹಾಳೆಯನ್ನೇ ಹಿಗ್ಗಿಸೋಣ ಅಂತ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು ಎಳೆದ. ಹಾಳೆ ಪರ್ರನೆ ಹರಿಯಿತು, ತಲೆ ಹೋಗಿ ಹಿಂದಿನ ಗೋಡೆಗೆ ಢಣ್ ಎಂದು ಬಡಿಯಿತು.

ಇಂಗ್ಲೆಂಡಿನ ಹಳೆಯ ಚರ್ಚುಗಳ ಮರದ ಕೆತ್ತನೆಗಳಲ್ಲಿ, ಗೋಡೆಚಿತ್ರಗಳಲ್ಲಿ ಇವನನ್ನು ಇವತ್ತಿಗೂ ನೋಡಬಹುದು. ತಲೆಗೆ ತಲೆ ಹಚ್ಚಿ ಕೂತ ಇಬ್ಬರು ಹೆಂಗಸರು, ಹಿಂದೆ ಹಲ್ಲು ಕಿರಿಯುವ ದೆವ್ವ. ಹೆಂಗಸರ ಮೇಲೆ ಮಾತ್ರ ಅವನ ಕಣ್ಣು ಅಂದುಕೊಳ್ಳಬೇಡಿ. ಪೂಜೆ ಬೇಗ ಮುಗಿಸುವ ಅವಸರದಲ್ಲಿ ಪಾದ್ರಿಗಳು ನುಂಗಿಹಾಕಿದ ಮಂತ್ರದ ಅಕ್ಷರಗಳನ್ನು ತುಂಬಿಕೊಳ್ಳಲು ಹೆಗಲಲ್ಲಿ ಒಂದು ಚೀಲವೂ ಇರುತ್ತಿತ್ತಂತೆ. ನನಗಂತೂ ಅವನನ್ನು ನೆನೆದರೆ ಅಯ್ಯೋ ಪಾಪ ಅನ್ನಿಸುತ್ತದೆ. ಈಗ ಹುಟ್ಟಿದ್ದರೆ ಆರಾಮಾಗಿರುತ್ತಿದ್ದ. ಚರ್ಚಿನ ವಾಟ್ಸಾಪ್ ಗ್ರೂಪಿನಲ್ಲಿ ನಾವೇ ಬರೆದು, ತಾರೀಖು ಗಂಟೆ ಸಮೇತ ಜೋಡಿಸಿಟ್ಟಿರುತ್ತೇವೆ.

ಈ ಗುಮಾಸ್ತನನ್ನು ಕಟ್ಟಿದವರು ಕಥೆಗಾರರು. ಆದರೆ ಲೆಕ್ಕ ಇಡುವ ಮಾತು ಸುವಾರ್ತೆಯದ್ದೇ. ಮನುಷ್ಯರು ಆಡುವ ಒಂದೊಂದು ವ್ಯರ್ಥ ಮಾತಿಗೂ ನ್ಯಾಯತೀರ್ಪಿನ ದಿನ ಲೆಕ್ಕ ಕೊಡಬೇಕಾಗುತ್ತದೆಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ. ಗಮನಿಸಿ, ಬೈಗುಳ ಅನ್ನಲಿಲ್ಲ, ಶಾಪ ಅನ್ನಲಿಲ್ಲ. ಸುಮ್ಮನೆ ಆಡಿದ್ದಕ್ಕೂ ಲೆಕ್ಕ! ಇನ್ನು ಹರಟೆ ಬರೆದು ಪುಟ ತುಂಬಿಸುವವರ ಗತಿ ಏನು ಅಂತ ನೀವು ಕೇಳುವುದಕ್ಕೆ ಮುಂಚೆ ನಾನು ವಿಷಯ ಬದಲಾಯಿಸುತ್ತೇನೆ.

ಆಡಿಕೊಳ್ಳುವವರ ಕೈಯಲ್ಲಿ ಯಾವಾಗಲೂ ಒಂದು ಗುರಾಣಿ ಇರುತ್ತದೆ. "ನಾನೇನು ಸುಳ್ಳು ಹೇಳಿದ್ನಾ? ಇದ್ದದ್ದು ಇದ್ದ ಹಾಗೆ ಹೇಳಿದೆ." ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ಗಾದೆ ಬೇರೆ ಇದೆ, ಹೇಳಿದವರೇ ಹುತಾತ್ಮರು. ಕ್ರೈಸ್ತ ಬೋಧನೆ ಕೈ ಹಾಕಿ ಕಿತ್ತುಕೊಳ್ಳುವುದು ಈ ಗುರಾಣಿಯನ್ನೇ. ಸುಳ್ಳು ಸಾಕ್ಷಿ ಹೇಳಬೇಡ ಎಂಬ ಆಜ್ಞೆ ಹತ್ತು ಆಜ್ಞೆಗಳಲ್ಲಿ ಒಂದು. ಕ್ಯಾಥೊಲಿಕರ ಲೆಕ್ಕದಲ್ಲಿ ಎಂಟನೆಯದು, ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರ ಲೆಕ್ಕದಲ್ಲಿ ಒಂಬತ್ತನೆಯದು. ನಂಬರಿಗೆ ಜಗಳವಿದ್ದರೂ ಮುರಿಯುವುದರಲ್ಲಿ ಎರಡು ಕಡೆಯವರಿಗೂ ಭೇದವಿಲ್ಲ. 1992ರಲ್ಲಿ ಹೊರಬಂದ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಈ ಆಜ್ಞೆಯ ಕೆಳಗೆ ಕಂತುಕಂತಾಗಿ ವಿಂಗಡಿಸಿದೆ. ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸುವುದು ಒಂದು ಪಾಪ. ನಿಜವಾಗಿಯೂ ಇರುವ ತಪ್ಪನ್ನು ಸರಿಯಾದ ಕಾರಣವಿಲ್ಲದೆ, ಅದು ಗೊತ್ತಿಲ್ಲದವರ ಕಿವಿಗೆ ಹಾಕುವುದು ಇನ್ನೊಂದು ಪಾಪ. ಆಧಾರವಿಲ್ಲದೆ ಮನಸ್ಸಿನಲ್ಲೇ 'ಹೀಗೇ ಇರಬೇಕು' ಅಂತ ತೀರ್ಮಾನಿಸಿಕೊಳ್ಳುವುದು ಮತ್ತೊಂದು. ಅಂದರೆ ಪಕ್ಕದ ಮನೆಯ ಹುಡುಗ ರಾತ್ರಿ ತಡವಾಗಿ ಬಂದದ್ದನ್ನು ಕಿಟಕಿಯಿಂದ ಕಣ್ಣಾರೆ ಕಂಡಿದ್ದರೂ, ಬೆಳಿಗ್ಗೆ ಹಾಲಿನ ಬೂತಿನಲ್ಲಿ ಅದನ್ನು ಹಂಚುವ ಲೈಸೆನ್ಸ್ ನಿಮಗಿಲ್ಲ.

ಅದಕ್ಕಿಂತ ದೊಡ್ಡ ಪೇಚು ಮುಂದಿದೆ. ಹೆಸರು ಕೆಡಿಸಿದವನು ಕ್ಷಮೆ ಕೇಳಿದರೆ ಸಾಲದು, ಆದ ನಷ್ಟವನ್ನೂ ಕೈಲಾದಷ್ಟು ತುಂಬಿಕೊಡಬೇಕು. ಕದ್ದ ಕೋಳಿಯನ್ನಾದರೆ ವಾಪಸು ಕೊಡಬಹುದು, ತಿಂದಿದ್ದರೆ ದುಡ್ಡು ಕೊಡಬಹುದು. ಮಾತನ್ನು?

ಕೋಳಿ ಅಂದ ಕೂಡಲೆ ಚರ್ಚಿಗೆ ಹೋಗುವವರಿಗೆಲ್ಲ ಮುಂದಿನ ಕಥೆ ಗೊತ್ತಾಗಿರುತ್ತದೆ. ರೋಮಿನ ಫಿಲಿಪ್ ನೇರಿಯ ಹೆಸರಿಗೆ ಅಂಟಿಕೊಂಡಿರುವ ಕಥೆ. 1515ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ ಈ ಸಂತನದು ತಮಾಷೆಯ ಸ್ವಭಾವ. ತನ್ನನ್ನು ಜನ ಮಹಾತ್ಮ ಅನ್ನಬಾರದೆಂದು ಅರ್ಧ ಗಡ್ಡ ಬೋಳಿಸಿಕೊಂಡು ತಿರುಗಿದವನು. ಚಾಡಿ ಹೇಳುವ ಹೆಂಗಸೊಬ್ಬಳು ಪಾಪನಿವೇದನೆಗೆ ಬಂದಾಗ, ಪೇಟೆಯಿಂದ ಒಂದು ಕೋಳಿ ತಗೊಂಡು ದಾರಿಯುದ್ದಕ್ಕೂ ಪುಕ್ಕ ಕೀಳುತ್ತಾ ಬಾ ಅಂದನಂತೆ. ಬಂದಳು. ಈಗ ಹೋಗಿ ಅಷ್ಟೂ ಪುಕ್ಕ ಆರಿಸಿಕೊಂಡು ಬಾ ಅಂದನಂತೆ. ಇದೇ ಕಥೆಯನ್ನು ಯೆಹೂದ್ಯರು ತಮ್ಮ ರಬ್ಬಿಯ ಹೆಸರಿನಲ್ಲಿ ಹೇಳುತ್ತಾರೆ, ಅಲ್ಲಿ ಕೋಳಿಯ ಬದಲು ದಿಂಬು. ವರ್ಷಕ್ಕೊಮ್ಮೆಯಾದರೂ ಉಪದೇಶದಲ್ಲಿ ಈ ಪುಕ್ಕ ಹಾರುತ್ತದೆ, ಕೂತವರು ತಲೆ ಆಡಿಸುತ್ತಾರೆ. ಆದರೆ ಆ ಹೆಂಗಸು ಯಾರ ಬಗ್ಗೆ, ಏನು ಹೇಳಿದ್ದಳು ಅನ್ನುವುದು ಕಥೆಯಲ್ಲಿ ಎಲ್ಲೂ ಇಲ್ಲ. ಕೇಳಿದವರಿಗೆಲ್ಲ ಒಳಗೊಳಗೆ ಕೊರೆಯುವುದು ಅದೊಂದೇ.

ಪಾಪನಿವೇದನೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಊರಿನ ಗುಟ್ಟೆಲ್ಲ ಗೊತ್ತಿರುವ ಒಬ್ಬನೇ ಮನುಷ್ಯನ ಬಾಯಿಗೆ ಚರ್ಚು ಬೀಗ ಜಡಿದಿದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಹೊರಗೆ ಬಿಟ್ಟರೆ ಅವನಿಗೆ ತಾನಾಗಿಯೇ ಬಹಿಷ್ಕಾರ. ಏನೂ ಗೊತ್ತಿಲ್ಲದ ನಾವು ಹೊರಗೆ ನಿಂತು ಎಲ್ಲವನ್ನೂ ಹೇಳುತ್ತೇವೆ.

ಭಾನುವಾರದ ಎರಡನೇ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳಕ್ಕೆ ಬನ್ನಿ. ಗ್ರೊಟ್ಟೊ ಎದುರು ಮೇಣದಬತ್ತಿ ಹಚ್ಚಿ, ಶಿಲುಬೆ ಗುರುತು ಹಾಕಿಕೊಂಡು, ಆ ಕೈ ಇನ್ನೂ ಕೆಳಗಿಳಿಯುವ ಮೊದಲೇ ಶುರುವಾಗುತ್ತದೆ.

"ಸುಮ್ಮನೆ ಹೇಳಬಾರದು ಆಂಟಿ, ಆ ಹುಡುಗಿ ಅಪರಂಜಿ. ಕ್ವಾಯರಲ್ಲಿ ಅವಳ ಹಾಗೆ ಹಾಡೋರು ಇನ್ನೊಬ್ಬರಿಲ್ಲ."

"ಹೌದಮ್ಮ, ತುಂಬಾ ಒಳ್ಳೆ ಹುಡುಗಿ. ಮನೆಯವರೂ ಹಾಗೇ, ದೇವರಂಥವರು. ಆದ್ರೆ..."

ಆ 'ಆದ್ರೆ' ಇದೆಯಲ್ಲ, ಅದನ್ನು ನಾನೂರು ವರ್ಷದ ಹಿಂದೆಯೇ ಒಬ್ಬ ಬಿಷಪ್ ಹಿಡಿದುಹಾಕಿದ್ದ. ಫ್ರಾನ್ಸಿಸ್ ಡಿ ಸೇಲ್ಸ್. ಜಿನೀವಾದ ಬಿಷಪ್, ಆದರೆ ಜಿನೀವಾ ಆಗ ಕ್ಯಾಲ್ವಿನ್ ಪಂಥದವರ ಕೈಯಲ್ಲಿ ಇದ್ದದ್ದರಿಂದ ವಾಸ ಅನೆಸಿ ಊರಿನಲ್ಲಿ. 1609ರಲ್ಲಿ ಸಂಸಾರಸ್ಥರಿಗಾಗಿ ಭಕ್ತಿಜೀವನದ ಒಂದು ಕೈಪಿಡಿ ಬರೆದ. ಮೊದಲು ಹೊಗಳಿ, ನನಗೆ ಅವನೆಂದರೆ ಬಹಳ ಪ್ರೀತಿ ಅಂತ ಮುನ್ನುಡಿ ಹಾಕಿ, ಆಮೇಲೆ ಕೊಯ್ಯುವವರೇ ಎಲ್ಲರಿಗಿಂತ ವಿಷದವರು ಅನ್ನುವುದು ಅವನ ಅಭಿಪ್ರಾಯ. ನೇರವಾಗಿ ಬೈದದ್ದು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಗಬಹುದು, ನಗಿಸಿ ಹೇಳಿದ್ದು ನಾಟಿಬಿಡುತ್ತದೆ. ಅದೇ ಪುಸ್ತಕದಲ್ಲಿ ಇನ್ನೊಂದು ವಾದವಿದೆ, ನನಗೆ ಅದು ಇನ್ನೂ ಇಷ್ಟ. ಒಂದು ಸಲ ಕುಡಿದದ್ದಕ್ಕೆ ಯಾರನ್ನೂ ಕುಡುಕ ಅನ್ನಬೇಡ. ನೋಹನೂ ಒಂದು ದಿನ ಕುಡಿದು ಬಿದ್ದಿದ್ದ, ಅವನನ್ನು ಯಾರು ಕುಡುಕ ಅನ್ನುತ್ತಾರೆ? ಯೆಹೋಶುವನ ಕಾಲದಲ್ಲಿ ಸೂರ್ಯ ಒಂದು ದಿನ ನಿಂತಿದ್ದನಂತೆ, ಹಾಗಂತ ಸೂರ್ಯ ನಿಂತಲ್ಲೇ ನಿಲ್ಲುವವನು ಅಂತ ಯಾರಾದರೂ ಹೇಳುತ್ತಾರೆಯೇ? ನಮ್ಮ ಬೀದಿಯಲ್ಲಾದರೆ ಹೇಳುತ್ತಾರೆ. "ಅವನಾ? ಅವತ್ತು ನಿಂತುಬಿಟ್ಟಿದ್ನಲ್ಲ, ಅವನೇ ತಾನೆ?" ಒಮ್ಮೆ ಇಟ್ಟ ಹೆಸರು ಮೊಮ್ಮಕ್ಕಳ ಮದುವೆಯವರೆಗೂ ಬರುತ್ತದೆ. ಅಂದ ಹಾಗೆ 1923ರಲ್ಲಿ ಪೋಪ್ 11ನೇ ಪಿಯೂಸ್ ಈ ಸಂತನನ್ನು ಬರಹಗಾರರ ಪಾಲಕನನ್ನಾಗಿ ಘೋಷಿಸಿದರು, ಪತ್ರಕರ್ತರೂ ಅದರಲ್ಲಿ ಸೇರಿದ್ದಾರೆ. ಯಾರನ್ನು ಯಾರ ಕಾವಲಿಗೆ ಹಾಕಬೇಕೆಂದು ರೋಮಿನವರಿಗೆ ಚೆನ್ನಾಗಿ ಗೊತ್ತಿತ್ತು.

ಪ್ರೊಟೆಸ್ಟೆಂಟ್ ಬಂಧುಗಳು ಇಲ್ಲಿಯವರೆಗೆ ನಗುತ್ತಿದ್ದರೆ ಸ್ವಲ್ಪ ನಿಲ್ಲಿ, ನಿಮ್ಮ ಸರದಿ. ನಿಮ್ಮಲ್ಲಿ ಪ್ರಾರ್ಥನಾ ಕೂಟವಿದೆ.

"ಸಿಸ್ಟರ್, ಒಂದು ಪ್ರಾರ್ಥನೆ ವಿಷಯ. ಹೆಸರು ಹೇಳಲ್ಲ. ಮೂರನೇ ಕ್ರಾಸಿನಲ್ಲಿ ನೀಲಿ ಗೇಟಿನ ಮನೆ, ಮೊನ್ನೆ ಹೊಸ ಕಾರು ತಗೊಂಡ್ರಲ್ಲ, ಆ ಕುಟುಂಬ. ಅವರ ದೊಡ್ಡ ಮಗನ ಬಗ್ಗೆ ಮನಸ್ಸಿಗೆ ತುಂಬಾ ಭಾರ."

ಕಣ್ಣು ಮುಚ್ಚುತ್ತಾರೆ. ಸಹೋದರರೊಬ್ಬರು ಎದ್ದು ನಿಂತು, ಗ್ರಾಂಥಿಕ ಕನ್ನಡದಲ್ಲಿ, ವಿವರವಾಗಿ ಶುರುಮಾಡುತ್ತಾರೆ. "ಕರ್ತನೇ, ಕಳೆದ ಗುರುವಾರ ರಾತ್ರಿ ಹನ್ನೊಂದೂವರೆಗೆ ಆ ಯೌವನಸ್ಥನು ಎಲ್ಲಿಂದ ಬಂದನೆಂದು ನೀನೇ ಬಲ್ಲೆ. ಅವನು ಯಾರ ಸ್ಕೂಟರಿನಲ್ಲಿ ಬಂದನೆಂಬುದೂ ನಿನಗೆ ಮರೆಯಾಗಿಲ್ಲ..." ಕರ್ತನಿಗೆ ಮರೆಯಾಗಿಲ್ಲ, ನಿಜ. ಮರೆಯಾಗಿದ್ದದ್ದು ಅಕ್ಕಪಕ್ಕ ಕಣ್ಣು ಮುಚ್ಚಿ ಕೂತವರಿಗೆ. ಅವತ್ತಿನ 'ಆಮೆನ್' ಬೇರೆ ದಿನಗಳಿಗಿಂತ ಗಟ್ಟಿಯಾಗಿ ಬರುತ್ತದೆ.

ಇಷ್ಟು ರುಚಿ ಯಾಕೆ ಅದಕ್ಕೆ? ಬೈಬಲ್ ಈ ವಿಷಯದಲ್ಲಿ ಬಹಳ ಪ್ರಾಮಾಣಿಕ. ಚಾಡಿ ಕಹಿ ಅಂತ ಅದು ಎಲ್ಲೂ ಸುಳ್ಳು ಹೇಳುವುದಿಲ್ಲ. ಚಾಡಿಮಾತು ರುಚಿಯಾದ ತುತ್ತಿನ ಹಾಗೆ ಹೊಟ್ಟೆಯೊಳಕ್ಕೆ ಇಳಿಯುತ್ತದೆ ಎನ್ನುವ ಅರ್ಥದ ಮಾತನ್ನು ಜ್ಞಾನೋಕ್ತಿಗಳಲ್ಲಿ ಎರಡೆರಡು ಸಲ ಬರೆದಿಟ್ಟಿದ್ದಾರೆ. ಬಡಿಸಿದವನಿಗೆ ಮಾತ್ರವಲ್ಲ, ಉಂಡವನಿಗೂ ಪಾಪವೇ ಅನ್ನುವುದನ್ನು 13ನೇ ಶತಮಾನದಲ್ಲಿ ತೋಮಾಸ್ ಅಕ್ವಿನಾಸ್ ಒಂದು ಪ್ರಶ್ನೆಯಾಗಿಯೇ ಎತ್ತಿಕೊಂಡು ಚರ್ಚಿಸಿದ. ತಡೆಯಬಹುದಾಗಿದ್ದರೂ ತಡೆಯದೆ, ಇಷ್ಟಪಟ್ಟು ಕೇಳಿದವನೂ ಪಾಲುದಾರನೇ. ಅವನದು ಬಲು ನಯವಾದ ತಕ್ಕಡಿ. ಹಿಂದಿನಿಂದ ಒಬ್ಬರ ಹೆಸರು ಕೆಡಿಸುವುದಕ್ಕಿಂತ, ಇಬ್ಬರು ಸ್ನೇಹಿತರ ನಡುವೆ ಬತ್ತಿ ಇಡುವುದು ಹೆಚ್ಚಿನ ಪಾಪವೆಂದು ತೂಗಿ ಹೇಳಿದ್ದಾನೆ. ಬತ್ತಿ ಇಟ್ಟು ಪಕ್ಕದಲ್ಲೇ ಚಳಿ ಕಾಯಿಸಿಕೊಳ್ಳುವವರನ್ನು ನೋಡಿದವರು ಒಪ್ಪುತ್ತಾರೆ.

ಉಣ್ಣುವ ಜಾಗದಲ್ಲೇ ಇದನ್ನು ತಡೆಯಲು ಹೊರಟವನು ಅಗಸ್ಟೀನ್. ಉತ್ತರ ಆಫ್ರಿಕಾದ ಹಿಪ್ಪೋ, ಅಂದರೆ ಇವತ್ತಿನ ಆಲ್ಜೀರಿಯಾದ ಅನ್ನಾಬಾ, ಅವನು ಬಿಷಪ್ ಆಗಿದ್ದ ಊರು. ಎದುರಿಗಿಲ್ಲದವರನ್ನು ಆಡಿಕೊಳ್ಳುವ ಚಪಲವಿದ್ದವರಿಗೆ ಈ ಊಟ ದಕ್ಕುವುದಿಲ್ಲ ಎಂಬ ಅರ್ಥದ ಪದ್ಯವನ್ನು ಊಟದ ಮೇಜಿನ ಮೇಲೇ ಬರೆಸಿದ್ದನಂತೆ. ಅವನ ಜೊತೆ ವರ್ಷಗಟ್ಟಲೆ ಉಂಡ ಪೊಸ್ಸಿಡಿಯಸ್ ಇದನ್ನು ದಾಖಲಿಸಿದ್ದಾನೆ. ಒಮ್ಮೆ ಬಿಷಪ್‌ಗಳೇ ಊಟಕ್ಕೆ ಬಂದವರು, ಅದೂ ಆಪ್ತರು, ಮೇಜಿನ ಮೇಲಿನ ಪದ್ಯ ಮರೆತು ಶುರುಹಚ್ಚಿಕೊಂಡರು. ಅಗಸ್ಟೀನನಿಗೆ ಸಿಟ್ಟು ನೆತ್ತಿಗೇರಿತು. ಒಂದೋ ಈ ಅಕ್ಷರ ಅಳಿಸಬೇಕು, ಇಲ್ಲವೇ ನಾನು ಅರ್ಧ ಊಟದಲ್ಲೇ ಎದ್ದು ನನ್ನ ಕೋಣೆಗೆ ಹೋಗಬೇಕು ಅಂದನಂತೆ. ಪೊಸ್ಸಿಡಿಯಸ್ ಆ ಹೊತ್ತಿಗೆ ಅಲ್ಲೇ ಇದ್ದ. ಬಿಷಪ್‌ಗಳು ಯಾರನ್ನು ಆಡಿಕೊಳ್ಳುತ್ತಿದ್ದರು ಅನ್ನುವುದನ್ನು ಈ ಮಹಾನುಭಾವನೂ ಬರೆದಿಲ್ಲ, ಕೋಳಿ ಕಥೆಯ ಹಾಗೆಯೇ. ಇಂಥ ಸಂಯಮದವರಿಂದ ಚರಿತ್ರೆಗೆ ಎಷ್ಟು ನಷ್ಟ!

ಮೇಜಿನ ಸುತ್ತ ಇದ್ದವರು ಗಂಡಸರು, ಗಮನಕ್ಕೆ ಬಂತೇ? ಆದರೂ ಈ ಪಾಪದ ಖಾತೆಯನ್ನು ಶತಮಾನಗಳಿಂದ ಹೆಂಗಸರ ಹೆಸರಿಗೇ ಬರೆಯಲಾಗಿದೆ. ಮನೆಮನೆ ತಿರುಗಿ ಹರಟುವ ಎಳೆಯ ವಿಧವೆಯರ ಬಗ್ಗೆ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಒಂದು ಮಾತಿದೆ, ಉಪದೇಶಕರಿಗೆ ಅದು ಬಾಯಿಪಾಠ. ಸ್ಕಾಟ್ಲೆಂಡ್, ಇಂಗ್ಲೆಂಡುಗಳಲ್ಲಿ 16ನೇ ಶತಮಾನದಿಂದ ಬಾಯಿಬಡುಕಿ ಅನ್ನಿಸಿಕೊಂಡ ಹೆಂಗಸರ ತಲೆಗೆ ಕಬ್ಬಿಣದ ಕಡಿವಾಣ ತೊಡಿಸಿ, ನಾಲಿಗೆಯ ಮೇಲೆ ಒಂದು ತಗಡು ಒತ್ತಿಟ್ಟು, ಬೀದಿಯಲ್ಲಿ ಮೆರವಣಿಗೆ ಮಾಡಿಸುತ್ತಿದ್ದರು. ಕ್ರಿಸ್ತನ ಹೆಸರು ಹೇಳುವ ಊರುಗಳಲ್ಲೇ! ಯಾಕೋಬನ ಪತ್ರದ ಮೂರನೇ ಅಧ್ಯಾಯದಲ್ಲಿ ಕಡಿವಾಣದ ಹೋಲಿಕೆ ಬರುವುದು ನಿಜ. ಆದರೆ ನಾಲಿಗೆಯ ಮೇಲಿನ ಆ ಅಧ್ಯಾಯ ಶುರುವಾಗುವುದು ಹೇಗೆ ಗೊತ್ತೇ? ಬೋಧಕರಾಗಲು ಬಹಳ ಜನ ಮುಂದೆ ಬರಬೇಡಿ, ನಮಗೆ ಕಠಿಣ ತೀರ್ಪು ಕಾದಿದೆ ಎಂಬ ಎಚ್ಚರಿಕೆಯಿಂದ. ಮೈಕು ಹಿಡಿದವರಿಗೆ ಹೇಳಿದ್ದನ್ನು ಮೈಕು ಹಿಡಿದವರೇ ಹಿಂದಿನ ಸಾಲಿಗೆ ದಾಟಿಸಿದರು. ನಾಲ್ಕು ಹೆಂಗಸರು ಸೇರಿದರೆ ಚಾಡಿ, ನಾಲ್ಕು ಗಂಡಸರು ಸೇರಿದರೆ ಪ್ಯಾರಿಷ್ ಕೌನ್ಸಿಲ್.

ಈ ಲೆಕ್ಕವನ್ನು ಸರಿಪಡಿಸಿದ ಪುಣ್ಯ ಪೋಪ್ ಫ್ರಾನ್ಸಿಸರದು. 2014ರ ಡಿಸೆಂಬರ್ 22ರಂದು, ಕ್ರಿಸ್ಮಸ್ ಶುಭಾಶಯಕ್ಕೆಂದು ವ್ಯಾಟಿಕನ್ನಿನ ಕಾರ್ಡಿನಲ್‌ಗಳು, ಅಧಿಕಾರಿಗಳು ಗರಿಗರಿಯಾಗಿ ಬಂದು ಕೂತಿದ್ದರು. ಶುಭಾಶಯದ ಜೊತೆಗೆ ಅವರಿಗೆ ಸಿಕ್ಕಿದ್ದು ಕಚೇರಿಗೆ ಅಂಟಿದ 15 ಕಾಯಿಲೆಗಳ ಪಟ್ಟಿ. ಅದರಲ್ಲಿ ಗೊಣಗುವುದು, ಹಿಂದಿನಿಂದ ಆಡಿಕೊಳ್ಳುವುದೂ ಒಂದು. ಅದಕ್ಕೆ ಅವರು ಬಳಸಿದ ಮಾತು ಭಯೋತ್ಪಾದನೆ. ಕೋವಿಡ್ ಉರಿಯುತ್ತಿದ್ದ 2020ರ ಸೆಪ್ಟೆಂಬರಿನಲ್ಲಿ, ಆಡಿಕೊಳ್ಳುವುದು ಕೋವಿಡಿಗಿಂತ ಕೆಟ್ಟ ಪಿಡುಗು ಅಂದರು. ಮದ್ದನ್ನೂ ಅವರೇ ಬೇರೆ ಬೇರೆ ಕಡೆ ಹೇಳಿದ್ದಾರೆ: ನಾಲಿಗೆ ಕಚ್ಚಿಕೊಳ್ಳಿ. ಊದಿಕೊಂಡರೆ ಮಾತು ತಾನೇ ನಿಲ್ಲುತ್ತದೆ. ಔಷಧಿ ಅಗ್ಗ, ಅಡ್ಡಪರಿಣಾಮವೇ ಚಿಕಿತ್ಸೆ.

ಆ ಸೆಪ್ಟೆಂಬರಿನ ಮಾತು ಬಂದದ್ದು ಮತ್ತಾಯನ 18ನೇ ಅಧ್ಯಾಯದ ಮೇಲೆ. ಅಲ್ಲಿ ಯೇಸು ಹೇಳುವ ಕ್ರಮ ತೀರಾ ಸರಳ. ಸಹೋದರ ತಪ್ಪು ಮಾಡಿದನೇ? ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನಿಗೇ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ನಮ್ಮಲ್ಲೂ ಇದೇ ಮೂರು ಮೆಟ್ಟಿಲು ಚಾಚೂ ತಪ್ಪದೆ ಪಾಲನೆಯಾಗುತ್ತದೆ, ಮೇಲಿನಿಂದ ಕೆಳಕ್ಕೆ. ಮೊದಲು ಸಭೆಗೆಲ್ಲ ಗೊತ್ತಾಗುತ್ತದೆ. ಆಮೇಲೆ ಒಬ್ಬಿಬ್ಬರು ಆಪ್ತರು ಕೂತು ವಿವರ ಹೊಂದಿಸಿ, ಉಪ್ಪುಖಾರ ಸರಿಮಾಡುತ್ತಾರೆ. ಸಂಬಂಧಪಟ್ಟವನಿಗೆ ತಿಳಿಯುವುದು ಕಟ್ಟಕಡೆಗೆ, ಅದೂ ಬೇರೆ ಊರಿಂದ ಫೋನ್ ಮಾಡಿದ ಷಡ್ಡಕನ ಬಾಯಿಂದ.

ಅವನು ಮುಂದಿನ ಭಾನುವಾರ ಗೇಟಿನ ಹತ್ತಿರ ಎದುರಾಗಿ, "ಏನ್ ಬ್ರದರ್, ನಮ್ಮ ಹುಡುಗನ ವಿಷಯ ಏನೋ ಮಾತು ಬಂದಿತ್ತಂತೆ?" ಅನ್ನುತ್ತಾನೆ. ನಾಲ್ಕು ಜನ ಒಟ್ಟಿಗೆ ವಾಚು ನೋಡಿಕೊಳ್ಳುತ್ತಾರೆ.

"ಛೇ ಛೇ, ಒಳ್ಳೇದೇ ಮಾತಾಡಿದ್ವಿ ಬ್ರದರ್. ದಿನಾ ಪ್ರಾರ್ಥನೇಲಿ ನೆನೆಸ್ಕೊಳ್ತೀವಿ. ಮನೇಲೆಲ್ಲ ಚೆನ್ನಾಗಿದಾರೆ ತಾನೆ? ಅಂದ ಹಾಗೆ, ಆ ಹೊಸ ಕಾರು ಸಾಲದ ಮೇಲೆ ತಗೊಂಡಿದ್ದಾ?"