ಸಿಲಿಂಡರ್ ಇಲ್ಲದ ಅಡುಗೆಮನೆಗಳು

ಮನೆ ಹೀಗಿರಬೇಕು ಎಂದು ತೋರಿಸುವ ಚಿತ್ರಗಳಲ್ಲಿ ಗ್ಯಾಸ್ ಸಿಲಿಂಡರ್ ಇರುವುದಿಲ್ಲ. ಪೊರಕೆ ಇರುವುದಿಲ್ಲ. ಚೀಲಗಳನ್ನೆಲ್ಲ ಮಡಿಸಿ ತುಂಬಿಟ್ಟ ಆ ದೊಡ್ಡ ಚೀಲ, ಕಪಾಟಿನ ನೆತ್ತಿಯ ಮೇಲಿನ ಸೂಟ್‌ಕೇಸು, ಕುರ್ಚಿಯ ಬೆನ್ನಿಗೆ ಒಣಹಾಕಿದ ಬನಿಯನ್ನು, ಯಾವುದೂ ಇರುವುದಿಲ್ಲ. ಒಂದು ಬಟ್ಟಲ ತುಂಬ ಹಸಿರು ಸೇಬು ಮಾತ್ರ ಇರುತ್ತವೆ. ಅವನ್ನು ಯಾರೂ ತಿಂದಿರುವುದಿಲ್ಲ, ಏಕೆಂದರೆ ಆ ಮನೆಯಲ್ಲಿ ಯಾರೂ ಇರುವುದಿಲ್ಲ.

ಇಂಥ ಚಿತ್ರಗಳು ನಮ್ಮಾಕಿಯ ಫೋನಿನಲ್ಲಿ ಈಗ ಮೊಮ್ಮಕ್ಕಳ ಚಿತ್ರಗಳಿಗಿಂತ ಹೆಚ್ಚಾಗಿವೆ.

ನಾವಿರುವುದು ಪುಣೆ ಕ್ಯಾಂಪಿನಲ್ಲಿ, ಶರಬತ್‌ವಾಲಾ ಚೌಕದಿಂದ ಕೂಗಳತೆಯ ಹಳೇ ಕಟ್ಟಡವೊಂದರಲ್ಲಿ. 1817ರಲ್ಲಿ ಖಡ್ಕಿಯ ಬಯಲಿನಲ್ಲಿ ಪೇಶ್ವೆಯ ಸೈನ್ಯವನ್ನು ಸೋಲಿಸಿದ ಮೇಲೆ ಇಂಗ್ಲಿಷರು ಕಟ್ಟಿಕೊಂಡ ದಂಡುಪ್ರದೇಶವಿದು. ಅವರು ಹೋಗಿ ಎಷ್ಟೋ ಕಾಲವಾಯಿತು. ಬಂಗಲೆಗಳು, ಬೇಕರಿಗಳು, ಸಿಲಿಂಡರು ಹೊತ್ತು ಮೆಟ್ಟಿಲು ಹತ್ತುವ ಹುಡುಗರು ಉಳಿದಿದ್ದಾರೆ. ನಾನು ಕಲಬುರಗಿ ಕಡೆಯವನು, ಸೈನ್ಯದ ಲೆಕ್ಕಪತ್ರದ ಆಫೀಸಿನಲ್ಲಿ ತಲೆ ಬಗ್ಗಿಸಿ ದುಡಿದು ನಿವೃತ್ತನಾದವನು. ತಲೆ ಎತ್ತಿದಾಗ ಮನೆಯಾಕಿ ಕೇಳಿದಳು: "ಇಷ್ಟ ದಿನಾ ಆಫೀಸಿನ್ಯಾಗ ಇದ್ರಿ. ಇನ್ನ ಮನ್ಯಾಗ ಇರಾವ್ರು. ಮನಿ ಸ್ವಲ್ಪ ಛಂದ ಇರಬ್ಯಾಡೇನ್ರೀ?" ಇದಕ್ಕೆ ಉತ್ತರವಾಗಿ ಯಾವ ಸರ್ಕಾರಿ ಸುತ್ತೋಲೆಯೂ ನೆನಪಿಗೆ ಬರಲಿಲ್ಲ.

ಸಿಮೆಂಟು, ಪ್ಲೈವುಡ್ಡು, ಕೂಲಿ ಎಲ್ಲಕ್ಕೂ ಚದರಡಿ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಐಡಿಯಾ ಮಾತ್ರ ಪುಕ್ಕಟೆ. ಮನೆ ರಿಪೇರಿ ಎಂಬ ಸುದ್ದಿ ಹೊರಬಿದ್ದ ಮೇಲೆ ಇಸ್ತ್ರಿಯವನಿಂದ ಹಿಡಿದು ಔರಾದಿನಲ್ಲಿರುವ ಷಡ್ಡಕನವರೆಗೆ ಎಲ್ಲರೂ ಕೊಟ್ಟರು. ಷಡ್ಡಕ ವಾಸ್ತು ಬಲ್ಲವನು. ಒಲೆ ಆಗ್ನೇಯಕ್ಕಿರಲಿ, ಮಲಗುವಾಗ ತಲೆ ದಕ್ಷಿಣಕ್ಕಿರಲಿ ಅಂದ. ನಮ್ಮ ಮನೆಯ ಆಗ್ನೇಯದಲ್ಲಿ ಬಚ್ಚಲಿದೆ. "ಹಂಗಾರ ಬಚ್ಚಲಾ ಸರಸ್ರಿ" ಅಂದ. ಅದರ ಕೆಳಗೂ ಮೇಲೂ ಬೇರೆಯವರ ಬಚ್ಚಲಿವೆ ಎಂದೆ. ಅವರಿಗೂ ಹೇಳುವಂತೆ ಸೂಚಿಸಿ ಫೋನಿಟ್ಟ.

ಆಮೇಲೆ ಡಿಸೈನರ್ ಹುಡುಗಿ ಬಂದಳು. ಒಳ್ಳೆಯ ಹುಡುಗಿ. ಚಪ್ಪಲಿ ಹೊರಗೇ ಬಿಟ್ಟು ಬಂದಳು, ಕೊಟ್ಟ ಚಹಾ ಕುಡಿದಳು. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯನ್ನು ಬೆರಳಿನಿಂದ ಕುಟ್ಟಿ, ಇದನ್ನು ತೆಗೆದುಬಿಡೋಣ, ಓಪನ್ ಕಿಚನ್ ಮಾಡೋಣ ಎಂದಳು. ಚಿತ್ರದಲ್ಲಿ ಅದು ಸೊಗಸಾಗಿಯೇ ಇತ್ತು. ಆದರೆ ಚಿತ್ರದಲ್ಲಿ ಯಾರೂ ಕೆಂಪು ಖಾರ ಹುರಿಯುತ್ತಿರಲಿಲ್ಲ. ನಮ್ಮಲ್ಲಿ ಗೋಡೆಯಿದ್ದಾಗಲೇ ಒಗ್ಗರಣೆಗೆ ಪಕ್ಕದ ಮನೆಯ ನಾಯಿ ಸೀನುತ್ತದೆ. ಗೋಡೆ ಹೋದರೆ ಬೀಗರು ಕೆಮ್ಮುತ್ತ ಮದುವೆ ಮಾತಾಡಬೇಕಾಗುತ್ತದೆ. ನನ್ನನ್ನು ಉಳಿಸಿದ್ದು ಕಾನೂನು. ದಂಡುಪ್ರದೇಶದಲ್ಲಿ ಕಟ್ಟಡದ ಗೋಡೆ ಬದಲಿಸಬೇಕಾದರೆ 2006ರ ಕಂಟೋನ್ಮೆಂಟ್ ಕಾಯ್ದೆಯ ಪ್ರಕಾರ ಬೋರ್ಡಿನ ಒಪ್ಪಿಗೆ ಬೇಕು. ಇಲ್ಲಿನ ಹಳೇ ಬಂಗಲೆಗಳಲ್ಲಿ ಹಲವಂತೂ 'ಓಲ್ಡ್ ಗ್ರಾಂಟ್' ಕರಾರಿನವು. ಗೋಡೆ, ಸೂರು ಮನೆಯವರದು, ನೆಲ ಸರ್ಕಾರದ್ದು. ಇದನ್ನೆಲ್ಲ ಕಲಮುಗಳ ಸಮೇತ ವಿವರಿಸಿದೆ. ಕೆಲಸದಲ್ಲಿದ್ದಾಗಲೂ ನಾನು ನಿಯಮಗಳನ್ನು ಇಷ್ಟು ಪ್ರೀತಿಯಿಂದ ಓದಿರಲಿಲ್ಲ.

"ಹಾಗಾದರೆ ಮಾಡ್ಯುಲರ್ ಕಿಚನ್" ಎಂದಳು ಹುಡುಗಿ.

ಈ ಮಾಡ್ಯುಲರ್ ಅಡುಗೆಮನೆಯ ಅಜ್ಜಿ 1926ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿತು. ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಗೃಹಿಣಿಯ ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಾಕಿ, ನಿಂತಲ್ಲೇ ಎಲ್ಲವೂ ಕೈಗೆ ಸಿಗುವಂತೆ ಸುಮಾರು 6 ಅಡಿ ಅಗಲ, 11 ಅಡಿ ಉದ್ದದ ಅಡುಗೆಮನೆ ರೂಪಿಸಿದಳು. ಅಂಥವು ಹತ್ತು ಸಾವಿರದಷ್ಟು ಕಟ್ಟಲಾದವು. ಅಷ್ಟೆಲ್ಲ ಮಾಡುವಾಗ ತನಗೆ ಅಡುಗೆ ಮಾಡಿ ಗೊತ್ತಿರಲಿಲ್ಲ ಎಂದು ಆಕೆಯೇ ಮುಂದೆ ಹೇಳಿಕೊಂಡಳು. ಈ ಸಂಗತಿ ತಿಳಿದ ನಮ್ಮಾಕಿಗೆ ಇಡೀ ಶಾಸ್ತ್ರದ ಮೇಲೇ ಅನುಮಾನ ಬಂತು. ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ನಿನಗ ರೊಟ್ಟಿ ಬಡಿಯಾಕ ಬರ್ತದೇನವಾ?" ಎಂದು ಕೇಳಿಯೇಬಿಟ್ಟಳು. ಹುಡುಗಿಗೆ ಕನ್ನಡ ಬರದಿದ್ದುದರಿಂದ ಸಂಬಂಧ ಉಳಿಯಿತು.

ಚಿತ್ರ ನೋಡಿದ್ದು ಸಾಕು, ಕಣ್ಣಾರೆ ನೋಡೋಣ ಎಂದು ಸಂಜೆ ಹೊತ್ತು ತಿರುಗಾಟ ಶುರುವಾಯಿತು. ಈ ವಿಷಯದಲ್ಲಿ ಕ್ಯಾಂಪಿನವರು ಪುಣ್ಯವಂತರು. ಈಸ್ಟ್ ಸ್ಟ್ರೀಟಿನಲ್ಲಿ 1955ರಿಂದ ಇರುವ ಕಯಾನಿ ಬೇಕರಿಗೆ ಶ್ರೂಸ್‌ಬರಿ ಬಿಸ್ಕತ್ತಿಗೆಂದು ಹೋದರೂ ಸಾಲಿನಲ್ಲಿ ನಿಂತು ನೋಡಲು ಬೇಕಾದಷ್ಟು ಹಳೇ ಮರ, ಗಾಜು ಇವೆ. ಇರಾನಿ ಹೋಟೆಲುಗಳಲ್ಲಿ ಅಮೃತಶಿಲೆಯ ಮೇಜು, ಬಾಗಿಸಿದ ಕಟ್ಟಿಗೆಯ ಕರೀ ಕುರ್ಚಿ. ಈ ಕುರ್ಚಿಯ ಮೂಲ ವಿಯೆನ್ನಾದಲ್ಲಿದೆ. ಮಿಖಾಯೆಲ್ ಥೋನೆಟ್ ಎಂಬಾತ 1859ರಲ್ಲಿ ಕಟ್ಟಿಗೆಯನ್ನು ಉಗಿಯಲ್ಲಿ ಮೆದುಮಾಡಿ ಬಾಗಿಸಿ 14ನೇ ನಂಬರಿನ ಕುರ್ಚಿ ಮಾಡಿದ. ಆರು ತುಂಡು ಕಟ್ಟಿಗೆ, ಹತ್ತು ತಿರುಪು, ಎರಡು ನಟ್ಟು, ಅಷ್ಟೇ ಅದರ ಮೈ. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಈಗಿನ ಡಿಸೈನರುಗಳು ಸೋಫಾ ಒಂದನ್ನೇ ಒಳಗೆ ತರಲು ಬಾಗಿಲ ಚೌಕಟ್ಟು ಬಿಚ್ಚಿಸುತ್ತಾರೆ.

ಒಂದು ಭಾನುವಾರ ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳಕರ್ ಮ್ಯೂಸಿಯಮ್ಮಿಗೂ ಹೋದೆವು. ದಿನಕರ ಕೇಳಕರರು ಕನ್ನಡಕದ ವ್ಯಾಪಾರಿ, ಜೊತೆಗೆ ಮರಾಠಿ ಕವಿ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ದೀಪ, ಅಡಕತ್ತರಿ, ಪಾತ್ರೆ, ಬಾಗಿಲು, ಬಾಚಣಿಗೆ ಎಂದು ಮನೆಬಳಕೆಯ ಸಾಮಾನುಗಳನ್ನು ಸಾವಿರಾರು ಕೂಡಿಸಿ ಕೊನೆಗೆ ಸರ್ಕಾರಕ್ಕೆ ಕೊಟ್ಟರು. ನನ್ನ ದೃಷ್ಟಿಯಲ್ಲಿ ದೇಶದ ನಿಜವಾದ ಒಳಾಂಗಣ ವಿನ್ಯಾಸದ ಶಾಲೆ ಇದೇ. ಅಲ್ಲಿರುವ ಒಂದೊಂದು ವಸ್ತುವೂ ಯಾರದೋ ಕೈಯಲ್ಲಿ ಸವೆದದ್ದು. ನಮ್ಮಾಕಿ ಕೆತ್ತನೆಯ ಬಾಗಿಲೊಂದರ ಮುಂದೆ ಬಹಳ ಹೊತ್ತು ನಿಂತಳು. ಅದನ್ನು ನಮ್ಮ ಮನೆಗೆ ಕೂಡಿಸಬೇಕಾದರೆ ಮೊದಲು ಮನೆಯನ್ನು ವಾಡೆಯಾಗಿ ಬದಲಾಯಿಸಬೇಕು. ಮತ್ತೆ ಕಂಟೋನ್ಮೆಂಟ್ ಕಾಯ್ದೆ ತೆಗೆದೆ.

ಸರಿ, ಇಷ್ಟೆಲ್ಲ ತಿರುಗಿ ಟೈಲ್ಸ್ ಅಂಗಡಿಗೆ ಬಂದೆವು. ಅಂಗಡಿಯವನು ಕಲ್ಲಿನಂತೆ ಕಾಣುವ, ಆದರೆ ಕಲ್ಲಲ್ಲದ ಒಂದು ಬೂದುಬಣ್ಣದ ಟೈಲನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಹುಡುಗಿ ಕಣ್ಣರಳಿಸಿ, ರಸ್ಟಿಕ್ ಲುಕ್, ಈಗ ಎಲ್ಲರೂ ಇದನ್ನೇ ಕೇಳುತ್ತಾರೆ ಎಂದಳು. ರೇಟು ಕೇಳಿ ನಾನು ಕುರ್ಚಿ ಹುಡುಕಿದೆ. ನಮ್ಮಾಕಿ ಅಂಗೈಯಿಟ್ಟು ಸವರಿ ಅಂದಳು: "ಇದು ನಮ್ಮ ಶಾಬಾದಿ ಪರ್ಸಿ ಅಲ್ಲೇನ್ರೀ? ನಮ್ಮಪ್ಪನ ಮನ್ಯಾಗ ಇದರ ಮ್ಯಾಲ ಎಮ್ಮಿ ಕಟ್ತಿದ್ರು."

ಅಹುದು. ಭೀಮಾ ತೀರದ ಈ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ. ಬೆಣೆ ಬಡಿದರೆ ಹಲಗೆಯೇ ಕೈಗೆ ಬರುತ್ತದೆ. ನಮ್ಮ ಕಡೆ ಅದೇ ನೆಲ, ಅದೇ ಕಟ್ಟೆ, ಅದೇ ದನದ ಗೋದಲಿ, ಎಷ್ಟೋ ಊರುಗಳಲ್ಲಿ ಅದೇ ಮಾಳಿಗೆ, ಹೊಲದ ಬೇಲಿಯೂ ಅದೇ. ಶಹಾಬಾದ್ ಸ್ಟೇಷನ್ನು ಮುಂಬಯಿ–ಮದ್ರಾಸು ರೈಲುದಾರಿಯಲ್ಲಿದೆ, ಪುಣೆಯೂ ಅದೇ ದಾರಿಯಲ್ಲಿದೆ. ಹಾಗಾಗಿ ಪುಣೆಯ ಹಳೇ ಮನೆಗಳ ಅಡುಗೆಮನೆ, ಅಂಗಳ, ಬಚ್ಚಲಿಗೆಲ್ಲ ನಮ್ಮ ಜಿಲ್ಲೆಯ ಕಲ್ಲು. ಮರಾಠಿಯವರ ಬಾಯಲ್ಲೂ ಅದು ಶಹಾಬಾದಿ ಫರಶಿಯೇ. ಪುಣೆಯ ಮುಳಾ-ಮುಠಾ ನೀರು ಭೀಮೆಯನ್ನು ಸೇರಿ ನಮ್ಮ ಜಿಲ್ಲೆಗೆ ಇಳಿಯುತ್ತದೆ, ನಾವು ಕಲ್ಲು ಮೇಲಕ್ಕೆ ಕಳಿಸುತ್ತೇವೆ. ಈ ವ್ಯವಹಾರದಲ್ಲಿ ಯಾರಿಗೆ ಲಾಭ ಎನ್ನುವುದನ್ನು ಸಂಗಮದ ಸೇತುವೆಯಿಂದ ಆ ನೀರನ್ನೊಮ್ಮೆ ನೋಡಿದವರು ಹೇಳಬಲ್ಲರು.

ಮನೆಗೆ ಬಂದ ಮೇಲೆ ನಮ್ಮಾಕಿ ಏನೋ ಅನುಮಾನ ಬಂದು ಅಡುಗೆಮನೆಯ ವಿನೈಲ್ ಶೀಟಿನ ಮೂಲೆ ಎಬ್ಬಿಸಿದಳು. ಕೆಳಗೆ ಶಾಬಾದಿಯೇ! ನಮಗಿಂತ ಮೊದಲಿದ್ದವರು ಅದನ್ನು ಮುಚ್ಚಿದ್ದರು. ಕಲ್ಲು ಮುಚ್ಚಲು ಅವರು ಕೊಟ್ಟ ದುಡ್ಡು, ಆ ಕಲ್ಲಿನ ಚಿತ್ರ ಹಾಸಲು ನಾವು ಕೊಡಬೇಕಾಗಿದ್ದ ದುಡ್ಡು, ಎರಡನ್ನೂ ಕೂಡಿಸಿದರೆ ಬರುವ ಮೊತ್ತಕ್ಕೆ ಆಡಿಟಿನಲ್ಲಿ ದಪ್ಪ ಆಕ್ಷೇಪಣೆ ಬೀಳುತ್ತಿತ್ತು. ಪಾಲಿಶ್ ಮಾಡಿಸಿದರೆ ಸಾಕು ಎಂದಾಯಿತು. ಹುಳಿ ಬಿದ್ದರೆ ಕಲೆಯಾಗುತ್ತದೆ ಎಂದು ಹುಡುಗಿ ಎಚ್ಚರಿಸಿದಳು. ಸುಣ್ಣಕಲ್ಲು ನಿಂಬೆ, ಹುಣಸೆಗೆ ಆಗುವುದಿಲ್ಲ, ಮಾತು ನಿಜ. ಆಗಲಿ, ಸಾರು ಚೆಲ್ಲುವ ಮನೆಯಲ್ಲಿ ಸಾರಿನ ಕಲೆ ಇದ್ದೇ ಇರುತ್ತದೆ.

ಕೆಳಗಿನ ಮನೆಯ ಪಾರ್ಸಿ ಅಜ್ಜಿ ಇಷ್ಟು ದಿನದ ಗದ್ದಲ ನೋಡಿ ಒಂದೇ ಐಡಿಯಾ ಕೊಟ್ಟಳು: "ದೀಕ್ರಾ, ಕಿಟಕಿಗಳು ಬರ್ಮಾ ಟೀಕು. ಬಣ್ಣ ಹೆರೆದು ಎಣ್ಣೆ ಹಚ್ಚು. ಬೇರೆ ಏನೂ ಮುಟ್ಟಬೇಡ." ಬಂದ ಸಲಹೆಗಳಲ್ಲಿ ಮುಟ್ಟಬೇಡ ಎಂದದ್ದು ಇದೊಂದೇ. ನಾನು ತಕ್ಷಣ ಒಪ್ಪಿದೆ.

ಉಳಿದದ್ದು ಕಾಳಿನ ಪ್ರಶ್ನೆ. ಹುಡುಗಿಯ ನಕ್ಷೆಯಲ್ಲಿ ಗೇಣಗಲದ ಪುಲ್-ಔಟ್ ಕಪಾಟಿತ್ತು. ಅದರಲ್ಲಿ ಜಾಡಿಗಳು ಪರೇಡಿಗೆ ನಿಂತಿದ್ದವು. "ವರ್ಷದ ಬ್ಯಾಳಿ ಎಲ್ಲಿಡೂದು?" ಎಂದು ನಮ್ಮಾಕಿಯ ಪರವಾಗಿ ನಾನು ಅನುವಾದಿಸಿ ಕೇಳಿದೆ. ಆಂಟಿ, ಈಗ ಬೇಳೆ ಹತ್ತು ನಿಮಿಷದಲ್ಲಿ ಬಾಗಿಲಿಗೇ ಬರುತ್ತದೆ ಎಂದಳು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯನ್ನು, ಅದೂ ಅಣ್ಣನ ಹೊಲದ್ದನ್ನು, ಹತ್ತು ನಿಮಿಷದ ಬೇಳೆಯ ಜೊತೆ ಒಂದೇ ಉಸಿರಿನಲ್ಲಿ ಹೇಳಿದ್ದು ನಮ್ಮಾಕಿಗೆ ಸರಿಬರಲಿಲ್ಲ. ನಕ್ಷೆ ಮಡಿಸಿ ಮಿಸ್ತ್ರಿಯನ್ನು ಕರೆಸಿದಳು. ಅವನು ಕಿವಿಯ ಪೆನ್ಸಿಲ್ ತೆಗೆದು, ಹಾಲಿನ ಕಿಟಕಿಯುದ್ದಕ್ಕೂ ಒಂದು ಬಾಕ್ಸ್ ದಿವಾನದ ಗೆರೆ ಎಳೆದ. ಮರೀನ್ ಪ್ಲೈ, 19 ಮಿಲಿಮೀಟರು, ಮೇಲೆ ಗಾದಿ. ಹೊಟ್ಟೆಯಲ್ಲಿ ಬೇಳೆಯ ಡಬ್ಬಿ, ಜೋಳದ ಚೀಲ, ಸೂಟ್‌ಕೇಸು, ಚೀಲಗಳ ಚೀಲ ಎಲ್ಲವೂ ಹಿಡಿದವು.

ಈ ದಿವಾನದ ಮೇಲೆ ಇಬ್ಬರು ಆರಾಮಾಗಿ ಮಲಗಬಹುದು, ತಲೆ ದಕ್ಷಿಣಕ್ಕೇ ಬರುತ್ತದೆ. ಪುಣೆಯ ಕಡೆ ಬಂದರೆ ದಯವಿಟ್ಟು ಬನ್ನಿ. ಐಡಿಯಾ ತರಬೇಡಿ, ಇಡಲು ಜಾಗವಿಲ್ಲ. ಬಿಳಿಜೋಳ ತಂದರೆ ಬಲಗಡೆಯ ಖಾನೆ ಇನ್ನೂ ಖಾಲಿಯಿದೆ.