ಅಕ್ಕೋರ ಪಾವತಿ ಪುಸ್ತಕ

ಕಾರವಾರದಿಂದ ಅಂಕೋಲೆಗೆ ಹೆದ್ದಾರಿಯಲ್ಲಿ ಮೂವತ್ತೈದು ಕಿಲೋಮೀಟರ್ ಆಸುಪಾಸು. ಅಷ್ಟರೊಳಗೇ ಸಾಲ ಕೊಟ್ಟವರ ಕಣ್ಣು ತಪ್ಪಿಸಿ ವರ್ಷಗಟ್ಟಲೆ ತಿರುಗಿದವರನ್ನು ಕಂಡಿದ್ದೇನೆ. ವಿಮೆ ಏಜೆಂಟರನ್ನು ನೋಡಿದ್ದೇ ಬೈತಖೋಲದ ಕಡೆಗೆ ಸ್ಕೂಟರ್ ತಿರುಗಿಸಿದವರನ್ನೂ ಕಂಡಿದ್ದೇನೆ. ಬೀದಿನಾಯಿಯ ಔಷಧಕ್ಕೆ ವರ್ಗಣಿ ಎತ್ತುವವರ ಕೈಯಿಂದ ಪಾರಾದವರನ್ನು ಮಾತ್ರ ಕಂಡಿಲ್ಲ. ದೇವಸ್ಥಾನದವರು ಜಾತ್ರೆಗೆ ಮೊದಲು ಬರುತ್ತಾರೆ, ಗಣಪತಿ ಕೂಡ್ರಿಸುವ ಹುಡುಗರು ಚೌತಿಗೆ ಮೊದಲು. ಆ ನಾಲ್ಕು ದಿನ ಬಾಗಿಲು ಹಾಕಿಕೊಂಡರಾಯಿತು. ನಾಯಿಗೆ ಕಾಯಿಲೆ ಬರಲು ಪಂಚಾಂಗ ಬೇಕಿಲ್ಲ.

ಈ ಪೈಕಿಯವರು ಈಗ ಎಲ್ಲ ಊರಲ್ಲೂ ಇದ್ದಾರೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಅನ್ನದ ಡಬರಿ, ಸೀಟಿನ ಕೆಳಗೆ ಬೆಟಾಡಿನ್, ಹತ್ತಿ, ಹುಳ ಬಿದ್ದ ಗಾಯಕ್ಕೆ ಹೊಡೆಯುವ ಸ್ಪ್ರೇ, ಬಟ್ಟೆಯ ಮೇಲೆ ಪಂಜದ ಅಚ್ಚು. ಕಾಲೇಜು ಹುಡುಗರಾದರೆ ಮರಿಯ ವಿಡಿಯೋಕ್ಕೆ ಅಳುಮೋರೆ ಸಂಗೀತ ಕೂಡಿಸಿ ಕೆಳಗೆ ಕ್ಯೂಆರ್ ಕೋಡ್ ಅಂಟಿಸುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು ಎಕ್ಸೆಲ್ ಹಾಳೆ ಕಳಿಸುತ್ತಾರೆ. ಬೆಂಗಳೂರಿನಿಂದ ಮರಳಿ ಬಂದವರು ಬೀದಿನಾಯಿಗೆ ‘ಇಂಡಿ’ ಎನ್ನುತ್ತಾರೆ. ಎಲ್ಲರಿಗೂ ಸಮಾನವಾದ ಗುಣವೊಂದಿದೆ: ನೀವು ಊಟಕ್ಕೆ ಕುಳಿತ ಹೊತ್ತು ನೋಡಿಯೇ ಗಾಯದ ಫೋಟೋ ಕಳಿಸುವುದು.

ನನ್ನ ಪಾಲಿಗೆ ಬಂದವರು ಅಕ್ಕೋರು. ಕಾರವಾರದಲ್ಲೂ ಅಂಕೋಲೆಯಲ್ಲೂ ಮೂರು ದಶಕ ವಿಜ್ಞಾನ ಕಲಿಸಿದ ಹೈಸ್ಕೂಲ್ ಟೀಚರು. ಈ ಎರಡು ತಾಲೂಕಿನಲ್ಲಿ ಔಷಧದಂಗಡಿಯವನು, ಕಂಡಕ್ಟರು, ಗ್ರಾಮಲೆಕ್ಕಿಗ, ಮೀನುಪೇಟೆಯ ಕಮಿಷನ್ ಏಜೆಂಟು ಎಲ್ಲರೂ ಅವರ ಕೈಕೆಳಗೆ ಪ್ರಯೋಗಶಾಲೆಯ ಬೀಕರ್ ಒಡೆದವರೇ. ಹೀಗಾಗಿ ಅವರು ದುಡ್ಡು ಕೇಳುವುದಿಲ್ಲ, ಹಾಜರಿ ಕರೆಯುತ್ತಾರೆ. ‘ತಮಾ, ಈ ತಿಂಗಳು ನಿಂದು ಬಂದಿಲ್ಲ’ ಎಂದರೆ ಐವತ್ತು ದಾಟಿದ ತಲೆಯೂ ತಾನಾಗಿ ಬಗ್ಗುತ್ತದೆ. ನನ್ನದಂತೂ ಬಗ್ಗಿಯೇ ಇದೆ.

ಕೊಟ್ಟಿದ್ದಕ್ಕೆ ಪಾವತಿ ಕೊಡದೆ ಅವರು ಕಾಲು ಕೀಳುವವರಲ್ಲ. ಅಂಕೋಲೆ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಅಜ್ಜಿ ಕೊಟ್ಟ ಹತ್ತು ರೂಪಾಯಿಗೂ ಪಾವತಿ ಹರಿದುಕೊಟ್ಟಿದ್ದಾರೆ. ಅಜ್ಜಿ ಅದನ್ನು ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡಳು. ಐವತ್ತೊಂದು ರೂಪಾಯಿ ಕೊಟ್ಟ ಒಬ್ಬ ಗುತ್ತಿಗೆದಾರರು ಮಾತ್ರ 80ಜಿ ತೆರಿಗೆ ವಿನಾಯಿತಿ ಸಿಗುತ್ತದೋ ಎಂದು ವಿಚಾರಿಸಿದರು. ಅದಕ್ಕೆ ಟ್ರಸ್ಟ್ ನೋಂದಣಿಯಾಗಿರಬೇಕು. ಅಕ್ಕೋರು ಟ್ರಸ್ಟ್ ಮಾಡಿಲ್ಲ. ‘ಟ್ರಸ್ಟು ಅಂದ್ರೆ ಅಧ್ಯಕ್ಷರು ಬೇಕು, ಅಧ್ಯಕ್ಷರು ಅಂದ್ರೆ ಸನ್ಮಾನ ಬೇಕು. ಆ ಶಾಲಿನ ದುಡ್ಡಲ್ಲಿ ಎಷ್ಟು ನಾಯಿಗೆ ರೇಬೀಸ್ ಸೂಜಿ ಆಗ್ತದೆ, ಲೆಕ್ಕ ಹಾಕು.’ ನಾನು ಹಾಕಲಿಲ್ಲ. ಲೆಕ್ಕ ಹಾಕಿದರೆ ಉತ್ತರ ತೋರಿಸು ಎನ್ನುತ್ತಾರೆ.

ಅವರ ಸುಗ್ಗಿ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಬರುವುದಿಲ್ಲ ಎಂದು ನಾವು ಒಣಮೀನಿನ ಸಾರಿಗೆ ಇಳಿದು ಗೊಣಗುತ್ತೇವೆ. ಬಂದರಿನ ನಾಯಿಗಳಿಗೆ ಒಣಮೀನೂ ಇಲ್ಲ. ಬಂಗುಡೆ ತಲೆ, ತಾರಲಿ ಕರುಳು ತಿಂದು ಬದುಕಿದ ನಾಯಿಗಳು ಪೇಟೆಗೆ ಬರುತ್ತವೆ, ಪೇಟೆಯ ನಾಯಿಗಳು ಕಚ್ಚುತ್ತವೆ, ಗಾಯಕ್ಕೆ ಮಳೆಯಲ್ಲಿ ಹುಳ ಬೀಳುತ್ತದೆ. ಮರಿಗಳಿಗೆ ಪಾರ್ವೋ ಬಂದರೆ ಡ್ರಿಪ್ಪು, ಉಣ್ಣಿ ಜ್ವರವಾದರೆ ನಾಲ್ಕು ವಾರ ಡಾಕ್ಸಿಸೈಕ್ಲಿನ್, ಗುಪ್ತಾಂಗದ ಗಡ್ಡೆಯಾದರೆ ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಸೂಜಿ. ಸರಿಯಾಗಿ ಅದೇ ಹೊತ್ತಿಗೆ ಮಕ್ಕಳ ಫೀಸು, ಛತ್ರಿ, ರೇನ್‌ಕೋಟು ಎಂದು ದಾನಿಗಳ ಕಿಸೆಯೂ ಸೋರಿರುತ್ತದೆ. ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರರು ತಮ್ಮ ಕೈಲಾದದ್ದನ್ನು ಮಾಡುತ್ತಾರೆ, ಆದರೆ ಅವರ ದಿನವೆಲ್ಲ ಕರು ಹಾಕಲಾಗದ ಎಮ್ಮೆ, ಕೆಚ್ಚಲು ಬಾವಿನ ದನ ಇವಕ್ಕೇ ಸರಿಹೋಗುತ್ತದೆ.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ನನ್ನನ್ನು ಹಾಳು ಮಾಡಿದ್ದು ಹೆಸರಿಡುವ ಯೋಜನೆ.

ಅದರ ಹಿಂದೆ ಒಂದು ಕಾರಣವಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯ ಕುಟುಂಬ ಮಣ್ಣಿನಡಿ ಸೇರಿತಲ್ಲ, ಆ ಮನೆಯ ನಾಯಿ ಅಲ್ಲೇ ಮೂಸುತ್ತ ಕಾಯುತ್ತಿದ್ದುದು ಪತ್ರಿಕೆಗಳಲ್ಲಿ ಬಂತು. ನಾಡೆಲ್ಲ ಕಣ್ಣೊರೆಸಿಕೊಂಡಿತು. ಕೇಳದೆಯೇ ಅಕ್ಕೋರಿಗೆ ದುಡ್ಡು ಬಂದದ್ದು ಆ ದಿನಗಳಲ್ಲಿ ಮಾತ್ರ. ಮಳೆ ನಿಂತಿತು, ದುಡ್ಡೂ ನಿಂತಿತು. ಅವರು ನನ್ನ ಜಗಲಿಯಲ್ಲಿ ಕುಳಿತು, ‘ಕತೆ ಇದ್ದ ನಾಯಿಗೆ ಮಂದಿ ಕೊಡ್ತಾರೆ ತಮಾ. ಬಸ್‌ಸ್ಟ್ಯಾಂಡಿನ ಕಜ್ಜಿ ನಾಯಿಗೆ ಕತೆ ಎಲ್ಲಿಂದ ತರೂದು?’ ಎಂದರು. ನಾನು ಚಹಾ ಹೀರುತ್ತ ಹೂಂಗುಟ್ಟಿದೆ. ‘ಕತೆ ಇಲ್ಲ ಅಂದ್ರೆ ಹೆಸರಾದರೂ ಬೇಕು’ ಎಂದರು. ಅದಕ್ಕೂ ಹೂಂಗುಟ್ಟಿದೆ.

ಮೊದಲು ಅವರಿಗೆ ಹೊಳೆದದ್ದು ಸಹಾಯಾರ್ಥ ಯಕ್ಷಗಾನ. ಪ್ರಸಂಗವೂ ನಿಶ್ಚಯವಾಗಿತ್ತು: ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲವೆಂದು ಧರ್ಮರಾಯ ಹಟ ಹಿಡಿಯುವ ಸ್ವರ್ಗಾರೋಹಣ. ಊರಿನ ಹವ್ಯಾಸಿಗಳೆಲ್ಲ ಧರ್ಮರಾಯನ ವೇಷಕ್ಕೆ ಮುಂದೆ ಬಂದರು. ನಾಯಿಯ ವೇಷಕ್ಕೆ ಒಬ್ಬನೂ ಒಪ್ಪಲಿಲ್ಲ. ಆಟ ಬಿದ್ದುಹೋಯಿತು.

ಆಮೇಲೆ ಬಂತು ಈ ನಿಯಮ: ಒಂದು ನಾಯಿಗೆ ಎದುರಿಗೆ ನಿಂತು ಒಮ್ಮೆಗೇ ಯಾರು ಹೆಚ್ಚು ಕೊಡುತ್ತಾರೋ ಅವರ ಹೆಸರೇ ಆ ನಾಯಿಗೆ; ದೂರದಿಂದ ಫೋನಿನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ. ನನಗಿದು ಗೊತ್ತಿರಲಿಲ್ಲ. ಅಂಕೋಲೆ ಬಸ್ ನಿಲ್ದಾಣದಲ್ಲಿ ಅಕ್ಕೋರು ಎದುರಾದಾಗ, ಬಸ್ ಹೊರಟಿದೆಯೆಂಬ ಅವಸರದಲ್ಲಿ ಇನ್ನೂರು ರೂಪಾಯಿ ತುರುಕಿ ಓಡಿದ್ದೆ. ಆ ದಿನ ಉಳಿದವರು ಕೊಟ್ಟದ್ದೆಲ್ಲ ಐವತ್ತರ ಒಳಗಿತ್ತು. ಕೂದಲುದುರಿ ಆನೆಯ ಚರ್ಮ ಬಂದಿದ್ದ, ಎಡಗಿವಿ ಹರಿದ, ಕಬ್ಬಿನ ಹಾಲಿನ ಗಾಡಿಯ ಕೆಳಗೆ ಮಲಗುತ್ತಿದ್ದ ಕೆಂಚು ಗಂಡುನಾಯಿಯೊಂದು ಅಂದು ಸಂಜೆಯಿಂದ ನನ್ನ ಹೆಸರಿನದಾಯಿತು. ಇನಿಶಿಯಲ್ ಸಮೇತ.

ಮುಂದಿನದನ್ನು ವಾಟ್ಸಾಪ್ ನೋಡಿಕೊಂಡಿತು. ನಮ್ಮ ಬಳಗದ ಗುಂಪಿನಲ್ಲಿ ಅಕ್ಕೋರೂ ಇದ್ದಾರೆ. ಮೊದಲ ದಿನ ನನ್ನ ಹೆಸರು ಬರೆದು, ‘ಇವನಿಗೆ ಉಣ್ಣಿ ಜ್ವರ, ಊಟ ಬಿಟ್ಟಿದ್ದಾನೆ’ ಎಂದು ಹಾಕಿದರು. ಕುಮಟೆಯಿಂದ ಅತ್ತೆ ಫೋನ್ ಮಾಡಿ ಹೆಂಡತಿಯ ಹತ್ತಿರ ಎಳನೀರು ಕೊಡು ಎಂದರು. ವಾರ ಬಿಟ್ಟು, ‘ಕಜ್ಜಿ ಇಳಿಯುತ್ತಿದೆ, ಆದರೆ ಕಂಡವರ ಮೇಲೆ ಹಲ್ಲು ಕಿರಿಯುವುದು ನಿಂತಿಲ್ಲ’. ಅದನ್ನು ನನ್ನ ಹಳೆಯ ಸಹೋದ್ಯೋಗಿಗಳು ಆಶ್ಚರ್ಯಪಡದೆ ಓದಿದರು. ಕೊನೆಗೊಂದು ರಾತ್ರಿ ಬಂದ ಪ್ರಕಟಣೆ: ನಾಳೆ ಬೆಳಿಗ್ಗೆ ಹತ್ತಕ್ಕೆ ನನ್ನ ಸಂತಾನಹರಣ ಶಸ್ತ್ರಚಿಕಿತ್ಸೆ, ಎಂಟುನೂರು ರೂಪಾಯಿ ಕಡಿಮೆ ಬಿದ್ದಿದೆ, ಸಹೃದಯರು ಕೈಜೋಡಿಸಬೇಕು. ಅರ್ಧ ಗಂಟೆಯಲ್ಲಿ ದುಡ್ಡು ಕೂಡಿತು. ನನ್ನ ಖಾಸಾ ತಮ್ಮನೇ ಮುನ್ನೂರು ಹಾಕಿದ. ಮಸ್ಕತ್ತಿನಲ್ಲಿರುವ ಒಬ್ಬ ಗೆಳೆಯ ‘ಈ ವಯಸ್ಸಲ್ಲಿ ಬೇಕಿತ್ತಾ?’ ಎಂದು ಕೇಳಿದ. ಸಿಟ್ಟಿನಲ್ಲಿ ನಾನು ಅಕ್ಕೋರಿಗೆ ಫೋನು ಹಚ್ಚಿದರೆ, ‘ನೋಡಿದ್ಯಾ, ನಿನ್ನ ಮೇಲೆ ಮಂದಿಗೆ ಎಷ್ಟು ಪ್ರೀತಿ!’ ಎಂದರು. ಹೆಸರಿಲ್ಲದೆ ಬಿದ್ದಿದ್ದಾಗ ಆ ನಾಯಿಗೆ ಮೂರು ತಿಂಗಳಲ್ಲಿ ಕೂಡಿದ್ದು ಇದರ ಕಾಲು ಭಾಗವೂ ಅಲ್ಲವಂತೆ. ನನ್ನ ಮರ್ಯಾದೆಗೆ ಇಷ್ಟು ಮಾರುಕಟ್ಟೆ ದರವಿದೆಯೆಂದು ನನಗೂ ಗೊತ್ತಿರಲಿಲ್ಲ.

ಕೊಡದವರಿಗೆ 2025ರಲ್ಲಿ ದೊಡ್ಡ ಆಸರೆ ಸಿಕ್ಕಿತು. ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಿ ಎಂದು ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿದ್ದೇ ತಡ, ಕಾರವಾರದ ಕಿರಾಣಿ ಅಂಗಡಿಗಳಲ್ಲಿ ನ್ಯಾಯಾಂಗದ ಮೇಲೆ ಎಲ್ಲಿಲ್ಲದ ಭಕ್ತಿ ಉಕ್ಕಿತು. ‘ಕೋರ್ಟೇ ಬೇಡ ಅಂದ ಮೇಲೆ ನಾವು ಕೊಟ್ರೆ ತಪ್ಪಾಗ್ತದಲ್ಲ ಅಕ್ಕೋರೇ.’ ಆಗಸ್ಟ್ 22ರಂದು ಅದೇ ಕೋರ್ಟು, ಹುಚ್ಚು ಹಿಡಿದವನ್ನೂ ಮೈಮೇಲೆ ಬರುವವನ್ನೂ ಬಿಟ್ಟು ಉಳಿದವಕ್ಕೆ ಸಂತಾನಹರಣ, ಲಸಿಕೆ ಮಾಡಿಸಿ ಹಿಡಿದಲ್ಲೇ ಬಿಡಿ ಎಂದು ತಿದ್ದಿತು. ಅಕ್ಕೋರು ಅದರ ಪ್ರತಿ ತೆಗೆಸಿಕೊಂಡು ಅಂಗಡಿ ಅಂಗಡಿಗೆ ಹೋಗಿ ಓದಿಸಿದರು, ಕೆಲವರಿಂದ ಗಟ್ಟಿಯಾಗಿ. ನವೆಂಬರ್ 7ರ ಆದೇಶ ಬಂದಾಗ ಮಾತ್ರ ಸುಮ್ಮನಾದರು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ನಾಯಿಗಳನ್ನು ಒಯ್ದು ಆಶ್ರಯತಾಣಕ್ಕೆ ಸೇರಿಸಬೇಕು, ಮತ್ತೆ ಅಲ್ಲಿಗೇ ತಂದು ಬಿಡುವಂತಿಲ್ಲ. ವಾದ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. ನಾಯಿ ಕಚ್ಚಿದ ಮಗುವಿನ ತಾಯಿಗೆ ಅವರು ಎಂದೂ ಎದುರಾಡಿದವರಲ್ಲ. ತಾವೇ ಆಸ್ಪತ್ರೆಗೆ ಕರೆದೊಯ್ದು, ಮುಂದಿನ ಸೂಜಿಗಳ ತಾರೀಕು ಬರೆದುಕೊಟ್ಟು, ಹಿಂದಿನ ರಾತ್ರಿ ಫೋನ್ ಮಾಡಿ ನೆನಪಿಸುವವರು.

ನಿಲ್ದಾಣದ ನಾಯಿಯನ್ನು ಅವರು ತಮ್ಮ ಮನೆಗೇ ತಂದರು. ಮನೆ ಹೆದ್ದಾರಿಯ ಆಚೆ. ನಾಯಿಗೆ ಆದೇಶ ತಿಳಿಯಲಿಲ್ಲ. ಕಬ್ಬಿನ ಹಾಲಿನ ಗಾಡಿಯನ್ನು ನೆನೆಸಿಕೊಂಡು ಬೆಳಗಿನ ಜಾವ ರಸ್ತೆ ದಾಟಿತು. ಯಾವುದೋ ಮೀನಿನ ಲಾರಿ, ಹಿಂಗಾಲು ಎರಡು ತುಂಡು.

ಪ್ಲೇಟ್ ಹಾಕಿಸಬೇಕೆಂದರೆ ಹುಬ್ಬಳ್ಳಿಗೆ ಅರಬೈಲು ಘಟ್ಟ ಹತ್ತಬೇಕು; ಮಡಗಾಂವ ಹತ್ತಿರ. ಕಾರು ನನ್ನದು. ‘ಪೆಟ್ರೋಲು ಪಾವತಿಯಲ್ಲಿ ಬರೂದಿಲ್ಲ, ಅದು ಸೇವೆ’ ಎಂದು ಮೊದಲೇ ಸ್ಪಷ್ಟಪಡಿಸಿದರು. ದಾರಿಯುದ್ದಕ್ಕೂ ಫೋನು. ಒಬ್ಬೊಬ್ಬ ಹಳೆಯ ವಿದ್ಯಾರ್ಥಿಗೂ ಅವನ ಬಾಲ್ಯದ ಒಂದೊಂದು ಗುಟ್ಟು ನೆನಪಿಸಿ, ಆಮೇಲೆ ಮೆತ್ತಗೆ ನಾಯಿಯ ಕಾಲಿಗೆ ಬರುತ್ತಿದ್ದರು. ಕಾಣಕೋಣ ದಾಟುವಷ್ಟರಲ್ಲಿ ಹದಿನಾಲ್ಕು ಸಾವಿರವಾಗಿತ್ತು. ಫೋನಿಟ್ಟ ಮೇಲೆ ಸುಮಾರು ಹೊತ್ತು ಕಿಟಕಿಯಾಚೆ ನೋಡಿದರು. ‘ನಂಗೂ ನಾಚಿಕೆ ಆಗ್ತದೆ ತಮಾ. ನನ್ನ ಅಪ್ಪ ಒಬ್ಬರ ಹತ್ರ ಕೈ ಚಾಚಿದವರಲ್ಲ’ ಎಂದರು. ಮೂವತ್ತು ವರ್ಷದಲ್ಲಿ ಅವರ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ಏನು ಹೇಳಬೇಕೆಂದು ತೋಚದೆ ಗೇರು ಬದಲಿಸಿದೆ. ಅಷ್ಟರಲ್ಲಿ ಅವರು ಇನ್ನೊಂದು ನಂಬರು ಒತ್ತಿಯಾಗಿತ್ತು.

ನಾಯಿಯನ್ನು ವಾಪಸ್ ಕರೆತರುವಾಗ ಮಾಜಾಳಿಯ ಅಬಕಾರಿ ತಪಾಸಣೆಯಲ್ಲಿ ಕಾರು ನಿಂತಿತು. ಗೋವೆಯಿಂದ ಬರುವ ಗಾಡಿಗಳಲ್ಲಿ ಅಲ್ಲಿ ಹುಡುಕುವುದು ಒಂದೇ ವಸ್ತು. ಹಿಂದಿನ ಸೀಟಿನಲ್ಲಿ ಕಂಬಳಿ, ಕಂಬಳಿಯ ಕೆಳಗೆ ಔಷಧದ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಗಾರ್ಡಿನ ಮುಖ ಅರಳಿತು. ‘ಇಳೀರಿ, ಕಂಬಳಿ ತೆಗೀರಿ.’ ಕಂಬಳಿ ತಾನಾಗಿಯೇ ಎದ್ದಿತು. ಗಾಯ ನೆಕ್ಕಬಾರದೆಂದು ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ಟನ್ನು ಕೊರಳಿಗೆ ಹಾಕಿಕೊಂಡ ನಾಯಿ, ಬಕೆಟ್ಟಿನೊಳಗಿಂದ ಗಾರ್ಡಿನ ಮೇಲೆ ಗುರ್ರೆಂದಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಅಕ್ಕೋರು ಕನ್ನಡಕ ಏರಿಸಿದರು. ‘ನೀನು ಚಿತ್ತಾಕುಲದವನಲ್ವನಾ? ಮ್ಯಾಗ್ನೆಟ್ ಮನೆಗೆ ಒಯ್ದವನು?’

ಗಾರ್ಡು ಟೋಪಿ ತೆಗೆದ. ಹಿಂದೆ ವಾಹನಗಳ ಸಾಲು ಬೆಳೆಯುತ್ತಿತ್ತು, ಹಾರ್ನು ಶುರುವಾಗಿತ್ತು. ಅಕ್ಕೋರು ಕಾಲು ಮುರಿದದ್ದರಿಂದ ಹಿಡಿದು ಬಿಲ್ಲಿನವರೆಗೆ ಎಲ್ಲ ಹೇಳಿ ಮುಗಿಸಿದ ಮೇಲೆಯೇ ಆ ಹಾರ್ನುಗಳು ಅವರಿಗೆ ಕೇಳಿಸಿದ್ದು. ಅವನು ಐನೂರರ ನೋಟು ಕೊಟ್ಟ. ಬಾನೆಟ್ಟಿನ ಮೇಲೆ ಪುಸ್ತಕವಿಟ್ಟು ಪಾವತಿ ಬರೆದರು. ಕಾರು ಹೊರಟ ಮೇಲೆ ಫೈಲು ತೆರೆದು, ನಾಯಿಯ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಮೇಲ್ಗಡೆ ಗಾರ್ಡಿನ ಹೆಸರು ಬರೆದರು.

‘ಇದೆಂತ ಅಕ್ಕೋರೇ?’

‘ನಿಂದು ಇನ್ನೂರು, ಅವಂದು ಐನೂರು. ನಿಯಮ ಅಂದ್ರೆ ನಿಯಮ. ನಿಂಗೂ ಒಂದು ಕಾಟ ತಪ್ಪಿತಲ್ಲ.’

ತಪ್ಪಿತು, ನಿಜ. ಸದಾಶಿವಗಡದವರೆಗೆ ಅದೇ ಸಂತೋಷದಲ್ಲಿ ಕಾರು ಓಡಿಸಿದೆ. ಹಿಂದಿನ ಸೀಟಿಗೆ ತಿರುಗಿ ಅಕ್ಕೋರು ಹೊಸ ಹೆಸರಿನಿಂದ ಕರೆದರು, ಬಕೆಟ್ಟು ಅಲುಗಲಿಲ್ಲ. ಮತ್ತೊಮ್ಮೆ ಕರೆದರು. ಅದು ಕಿಟಕಿಯ ಕಡೆ ಮುಖ ಮಾಡಿತು. ನಾನು ಸುಮ್ಮನೆ, ಪರೀಕ್ಷೆಗೆಂದು, ನನ್ನ ಹೆಸರನ್ನು ಮೆಲ್ಲಗೆ ಹೇಳಿದೆ. ಬಾಲ ಸೀಟಿಗೆ ಪಟಪಟ ಬಡಿಯಿತು.

ಕಾಳಿ ಸೇತುವೆಯ ಮೇಲೆ ಬಂದಾಗ ಗಂಟಲು ಸರಿಮಾಡಿಕೊಂಡು, ‘ಅಕ್ಕೋರೇ, ನಂದು ಐನೂರ ಒಂದು ಅಂತ ಬರ್ಕೊಳ್ಳಿ’ ಎಂದೆ.

ಅವರಾಗಲೇ ಪೆನ್ನಿನ ಕ್ಯಾಪು ತೆಗೆದಿದ್ದರು. ‘ನಗದನಾ, ಫೋನ್‌ಪೇನಾ?’