ಚೌಡಾಪುರ ಪರ್ವತಶ್ರೇಣಿಯಲ್ಲಿ ಶರತ್ಕಾಲದ ವಾಹನವಿಹಾರ: ಒಂದು ಶಾಸ್ತ್ರೀಯ ಜಿಜ್ಞಾಸೆ

ಅಫಜಲಪುರ ತಾಲ್ಲೂಕಿನ ಚೌಡಾಪುರದಲ್ಲಿ ಪರ್ವತವಿಲ್ಲ, ರಾಷ್ಟ್ರೀಯ ಉದ್ಯಾನವಿಲ್ಲ, ಎಲೆ ಬಣ್ಣ ತಿರುಗುವ ಶರತ್ಕಾಲವೂ ಇಲ್ಲ ಎಂಬ ಅಭಿಪ್ರಾಯ ವಿದ್ವದ್ವಲಯದಲ್ಲಿ ಬೇರೂರಿದೆ. ಈ ಮೂರು ನಾಸ್ತಿಗಳನ್ನು ಖಂಡಿಸಿ, ಕಲಬುರಗಿಯಿಂದ ಅಫಜಲಪುರದ ರಸ್ತೆ ಹಿಡಿದು ಚೌಡಾಪುರ ಕ್ರಾಸಿನಲ್ಲಿ ದೇವಲ ಗಾಣಗಾಪುರದ ಕಡೆ ಹೊರಳುವ ಪ್ರಯಾಣವು ಲೋಕದ ಯಾವ ಗಿರಿವಿಹಾರಕ್ಕೂ ಕಡಿಮೆಯಲ್ಲವೆಂದು ಸ್ಥಾಪಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ತೀರ್ಮಾನ ಮೊದಲೇ ಆಗಿಹೋಗಿದ್ದರಿಂದ ಸಾಕ್ಷ್ಯ ಹುಡುಕುವ ಕೆಲಸ ಹಗುರವಾಯಿತು.

ಮೊದಲು ಪ್ರಮಾಣ. ಮಹಾಕಾವ್ಯಕ್ಕೆ ಹೇಳಿರುವ ಅಷ್ಟಾದಶ ವರ್ಣನೆಗಳಲ್ಲಿ ಶೈಲ, ಋತು, ಉದ್ಯಾನ ಮೂರೂ ಬರುತ್ತವೆ. ಕನ್ನಡದಲ್ಲಿ ಉಳಿದು ಬಂದಿರುವ ಅತಿ ಹಳೆಯ ಕಾವ್ಯಶಾಸ್ತ್ರವಾದ ‘ಕವಿರಾಜಮಾರ್ಗ’ 9ನೇ ಶತಮಾನದಲ್ಲಿ ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ. ಆ ಮಾನ್ಯಖೇಟವೇ ಈಗಿನ ಮಳಖೇಡ. ನಮ್ಮದೇ ಜಿಲ್ಲೆಯ ಸೇಡಂ ತಾಲ್ಲೂಕು. ಇಂದು ಅಲ್ಲಿ ನಿಂತು ನೋಡಿದರೆ ಕಾಣುವುದು ಕಾಗಿಣಾ ನದಿ, ಹಳೆಯ ಕೋಟೆ, ತೊಗರಿ ಹೊಲ, ಸಿಮೆಂಟ್ ಕಾರ್ಖಾನೆಯ ಚಿಮಣಿ. ಆ ಹದಿನೆಂಟರಲ್ಲೇ ಬರುವ ಸಮುದ್ರವಂತೂ ಯಾವ ದಿಕ್ಕಿಗೆ ಹೊರಟರೂ ನೂರಾರು ಮೈಲಿ. ಆದ್ದರಿಂದ, ಕಣ್ಣಿಗೆ ಕಾಣದ್ದನ್ನು ವರ್ಣಿಸುವ ಹಕ್ಕು ಸಾವಿರ ವರ್ಷದಿಂದ ನಮ್ಮ ಜಿಲ್ಲೆಯ ಕಬ್ಜೆಯಲ್ಲಿದೆ. ಪಹಣಿ ತೆಗೆಸಿದರೆ ಅನುಭವದ ಕಾಲಮ್ಮಿನಲ್ಲಿ ನಮ್ಮ ಹೆಸರೇ ಇದ್ದೀತು.

ಈಗ ಪೂರ್ವಪಕ್ಷ. ಅಮೆರಿಕದ ವರ್ಜೀನಿಯಾದಲ್ಲಿ ಶೆನಾಂಡೋವಾ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅದರ ಬೆಟ್ಟಸಾಲಿನ ನೆತ್ತಿಯ ಮೇಲೆ ಸ್ಕೈಲೈನ್ ಡ್ರೈವ್ ಎಂಬ 105 ಮೈಲಿಯ ರಸ್ತೆ. ಗಂಟೆಗೆ 35 ಮೈಲಿ ದಾಟುವಂತಿಲ್ಲ. ಅಕ್ಟೋಬರ್ ಬಂತೆಂದರೆ ಕೆಂಪು ಹಳದಿ ಎಲೆ ನೋಡಲು ಜನ ಕಾರು ಕಟ್ಟಿಕೊಂಡು ಹೊರಡುತ್ತಾರೆ. ಆ ಸೀಮೆಯ ಕನ್ನಡ ಕುಟುಂಬಗಳೂ ಹೊರಟು, ಜಾಕೀಟು ಹಾಕಿಕೊಂಡು ಒಂದು ಮೇಪಲ್ ಮರದ ಕೆಳಗೆ ನಿಂತು ತೆಗೆಸಿದ ಫೋಟೊವನ್ನು ಊರಿನ ವಾಟ್ಸಾಪಿಗೆ ಹಾಕುತ್ತವೆ. ಇತ್ತ ಮಲೆನಾಡಿನ ವಿದ್ವಾಂಸರದು ಬೇರೆ ಗರ್ವ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ ಎಂದು ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳನ್ನು ಬೆರಳು ಮಡಚಿ ಎಣಿಸುತ್ತಾರೆ. ಐದರಲ್ಲಿ ಒಂದೂ ಕಲ್ಯಾಣ ಕರ್ನಾಟಕದಲ್ಲಿಲ್ಲ. ಸಂವಿಧಾನದ 371(ಜೆ) ವಿಧಿ ನಮಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಟ್ಟಿತು, ಬೆಟ್ಟದಲ್ಲಿ ಕೊಡಲಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾದಾಗಲೂ ನೆಲದ ಎತ್ತರ ಒಂದು ಗೇಣು ಏರಲಿಲ್ಲ. ಚಿಂಚೋಳಿಯಲ್ಲಿ ವನ್ಯಜೀವಿಧಾಮ ಇದೆಯಲ್ಲ ಎಂದು ಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಉತ್ತರ ಇಷ್ಟೇ: ಅದು ಜಿಲ್ಲೆಯ ಇನ್ನೊಂದು ತುದಿ, ಅಷ್ಟು ಡೀಸೆಲ್ಲಿಗೆ ಈ ಸಂಶೋಧನೆಯಲ್ಲಿ ಅನುದಾನವಿಲ್ಲ.

ಶೈಲದ ವಿಚಾರಕ್ಕೆ ಬರೋಣ. ಕ್ಷೇತ್ರಕಾರ್ಯದ ಅಂಗವಾಗಿ ಕ್ರಾಸಿನ ಚಹಾದಂಗಡಿಯವರನ್ನು ಸಂದರ್ಶಿಸಲಾಯಿತು. “ಗುಡ್ಡ ಏನ್ರಿ ಸಾಹೇಬ್ರ? ಹಂಪಿ ದೂರ ಅದ. ಹಂಪ್ ಬೇಕಂದ್ರ ಇಲ್ಲೇ ಅದಾವ, ಎಣಸ್ಕೋತ ಹೋಗ್ರಿ” ಎಂದರು. ಈ ಹೇಳಿಕೆಯನ್ನು ವಿದ್ವಾಂಸರು ಹಗುರವಾಗಿ ತಳ್ಳಿಹಾಕಬಾರದು. ಟಂಟಂನ ಹಿಂದಿನ ಸೀಟಿನಲ್ಲಿ ಕೂತವನಿಗೆ ಹಂಪಿನ ಆರೋಹಣ, ಅವರೋಹಣ ಎರಡೂ ಬೆನ್ನುಹುರಿಯ ಮಟ್ಟದಲ್ಲಿ ಪ್ರತ್ಯಕ್ಷಪ್ರಮಾಣ.

ಭೂವಿಜ್ಞಾನವೂ ನಮ್ಮ ಪರವಾಗಿಯೇ ಇದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಡಿದ ಲಾವಾದಿಂದಲೇ ಪುಣೆ ಸೀಮೆಯ ಸಹ್ಯಾದ್ರಿಯೂ ಆಯಿತು, ನಮ್ಮ ಎರಿ ಭೂಮಿಯ ಕೆಳಗಿನ ಕರಿಗಲ್ಲೂ ಆಯಿತು. ಅಲ್ಲಿ ಎದ್ದು ನಿಂತಿರುವ ಬೆಟ್ಟವೇ ಇಲ್ಲಿ ಉಂಡು ಮಲಗಿದೆ. ಮಳೆ ಬಿದ್ದ ಮರುದಿನ ಎರಿ ಹೊಲಕ್ಕೆ ಇಳಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. 1,930 ಮೀಟರಿನ ಮುಳ್ಳಯ್ಯನಗಿರಿಗೆ ಮನುಷ್ಯ ಹತ್ತಬೇಕು. ಚೌಡಾಪುರದಲ್ಲಿ ಬೆಟ್ಟವೇ ಚಪ್ಪಲಿಗೆ ಹತ್ತುತ್ತದೆ.

ಇನ್ನು ನಿಂತಿರುವ ಗುಡ್ಡವೇ ಬೇಕೆಂದು ಹಟ ಹಿಡಿಯುವವರಿಗೆ ಗಾಣಗಾಪುರದಲ್ಲಿ ಭೀಮಾ ಅಮರ್ಜಾ ಸಂಗಮದ ಹತ್ತಿರ ಭಸ್ಮದ ಗುಡ್ಡವಿದೆ. ಹಿಂದಿನ ಯಜ್ಞಗಳ ಬೂದಿಯಿಂದ ಆದದ್ದೆಂದು ಭಕ್ತರ ನಂಬಿಕೆ. ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಯ ದರ್ಶನ ಮಾಡಿ, ಐದು ಮನೆ ಮಾಧುಕರಿ ಬೇಡಿ ಬಂದವರು ಹೋಗುವಾಗ ಆ ಭಸ್ಮವನ್ನು ಚಿಟಿಕೆ ಚಿಟಿಕೆಯಾಗಿ ಕಾಗದದಲ್ಲಿ ಕಟ್ಟಿಕೊಳ್ಳುತ್ತಾರೆ. ಹಿಮಾಲಯ ವರ್ಷಕ್ಕೆ ಕೆಲವು ಮಿಲಿಮೀಟರ್ ಏರುತ್ತದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭಸ್ಮದ ಗುಡ್ಡದ ಪ್ರವೃತ್ತಿ ವಿರುದ್ಧ ದಿಕ್ಕಿನದು: ಅದು ಎಂಎಚ್ 12, ಎಂಎಚ್ 13 ನಂಬರಿನ ಗಾಡಿಗಳಲ್ಲಿ ಪುಣೆಗೂ ಸೊಲ್ಲಾಪುರಕ್ಕೂ ವಲಸೆ ಹೋಗುತ್ತಿದೆ.

ಬದಲಿಗೆ ಅವರ ಬೆಟ್ಟವೂ ನಮ್ಮಲ್ಲಿಗೆ ಬರುತ್ತದೆ. ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಸಹ್ಯಾದ್ರಿಯ ಮಳೆಗೆ ಉಜನಿ ಜಲಾಶಯ ತುಂಬಿ ಗೇಟು ಎತ್ತಿದರೆ, ಅಲ್ಲಿಯ ಗಿರಿಶಿಖರದ ನೀರು ಸೊನ್ನ ಬ್ಯಾರೇಜು ದಾಟಿ ನಮ್ಮ ಮನೆಬಾಗಿಲಿಗೆ ಬಂದು ನಿಲ್ಲುತ್ತದೆ. 2020ರ ಅಕ್ಟೋಬರಿನಲ್ಲಿ, ಅಂದರೆ ಶೆನಾಂಡೋವಾದಲ್ಲಿ ಎಲೆ ಕೆಂಪಾಗುವ ಹೊತ್ತಿಗೇ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ಪರ್ವತವೇ ಪ್ರವಾಸಿಯ ಮನೆಗೆ ಬರುವ ಇಂಥ ಸೌಲಭ್ಯ ವರ್ಜೀನಿಯಾದಲ್ಲಿ ಇದ್ದಂತಿಲ್ಲ.

ಋತುವಿನ ಪ್ರಕರಣ ಸ್ವಲ್ಪ ಜಟಿಲ. ರಸ್ತೆ ಬದಿಯ ಬಳ್ಳಾರಿ ಜಾಲಿಗೆ ಋತುಗಳ ಬಗ್ಗೆ ನಂಬಿಕೆಯಿಲ್ಲ. ಅದು ಹನ್ನೆರಡು ತಿಂಗಳೂ ಹಸಿರು, ಹನ್ನೆರಡು ತಿಂಗಳೂ ಮುಳ್ಳು. ಬೇವು ಎಲೆ ಉದುರಿಸುವುದು ಶಿವರಾತ್ರಿಯ ಆಸುಪಾಸಿಗೆ. ಆದರೂ ಆಶ್ವಯುಜದಲ್ಲಿ ನಮ್ಮಲ್ಲಿ ಎಲೆ ಬಂಗಾರವಾಗುತ್ತದೆ. ವಿಜಯದಶಮಿಯ ಸಂಜೆ ಬನ್ನಿ ಎಲೆ ಕೈಗಿಟ್ಟು, ಬಂಗಾರದಂಗ ಇರೋಣ ಎಂದು ಹಿರಿಯರ ಕಾಲು ಮುಟ್ಟಿದರೆ ಮುಗಿಯಿತು, ಹಸಿರೆಲೆ ಹಸಿರಾಗಿದ್ದುಕೊಂಡೇ ಬಂಗಾರ. ಮೇಪಲ್ ಮರಕ್ಕೆ ಇದೇ ಕೆಲಸಕ್ಕೆ ವಾರಗಟ್ಟಲೆ ಬೇಕು.

ಬಣ್ಣ ಕಣ್ಣಿಗೇ ಕಾಣಬೇಕೆನ್ನುವವರು ತೊಗರಿ ಹೊಲ ನೋಡಬೇಕು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಮುಂಗಾರಿಗೆ ಬಿತ್ತಿದ್ದು ದೀಪಾವಳಿಯ ಸುಮಾರಿಗೆ ಹೂ ಬಿಟ್ಟರೆ ದಿಗಂತದವರೆಗೆ ಹಳದಿ. ಈ ಲೇಖಕನೂ ಗಾಡಿ ನಿಲ್ಲಿಸಿ, ಹೊಲದ ನಡುವೆ ಹೂವಿನ ಹಳದಿಗಿಂತ ಗಾಢವಾಗಿ, ಕಂದುಬಣ್ಣಕ್ಕೆ ತಿರುಗಿದ ಒಂದು ಪಟ್ಟಿಯನ್ನು ಕಂಡು ಪುಳಕಿತನಾಗಿ, ಎಷ್ಟು ಛಂದ ಬಣ್ಣ ಎಂದು ಹೊಲದ ಯಜಮಾನರಿಗೆ ಅಭಿನಂದನೆ ಹೇಳಿದ. ಅವರು ತಂಬಾಕು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಅದು ಬಣ್ಣ ಅಲ್ರಿ ಸರ, ನೆಟಿ ರೋಗ. ಫೋಟೊ ಛಲೋ ಬಂದ್ರ ನನಗೂ ಒಂದು ಕಳಸ್ರಿ, ಸರ್ವೇಕ್ಕ ಬಂದವ್ರಿಗಿ ತೋರ್ಸಲಾಕ ಬರ್ತದ.”

ವಿಜ್ಞಾನದ ದೃಷ್ಟಿಯಲ್ಲಿ ಶೆನಾಂಡೋವಾದ ಮೇಪಲ್ಲಿಗೂ ಈ ತೊಗರಿಗೂ ಆದದ್ದು ಹೆಚ್ಚುಕಡಿಮೆ ಒಂದೇ: ನೀರಿನ ದಾರಿ ಕಟ್ಟಿದೆ. ಚಳಿ ಬರುವ ಮುನ್ನ ಮೇಪಲ್ ಮರ ಎಲೆಯ ತೊಟ್ಟಿನಲ್ಲಿ ತಾನೇ ಅಡ್ಡಗಟ್ಟುತ್ತದೆ, ಹಸಿರು ಇಳಿದು ಬೇರೆ ಬಣ್ಣ ಮೇಲೆ ಬರುತ್ತದೆ, ವಸಂತಕ್ಕೆ ಮತ್ತೆ ಚಿಗುರುತ್ತದೆ. ತೊಗರಿಯಲ್ಲಿ ಮಣ್ಣಿನ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನಾಳ ಕಟ್ಟುತ್ತದೆ. ಹೂ, ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಅದಕ್ಕೆ ಮುಂದಿನ ವಸಂತವಿಲ್ಲ, ಶಿಲೀಂಧ್ರಕ್ಕೆ ಮಾತ್ರ ಅದೇ ಮಣ್ಣಿನಲ್ಲಿ ವರ್ಷಗಟ್ಟಲೆ ಆಯುಷ್ಯ. 2022ರ ಹಂಗಾಮಿನಲ್ಲಿ ಜಿಲ್ಲೆಯ ತುಂಬ ಈ ಶರದ್ವೈಭವ ಮೆರೆದು, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಎಲೆ ಬಣ್ಣ ತಿರುಗಿದ್ದಕ್ಕೆ ಸರ್ಕಾರವೇ ಹಣ ಕೊಟ್ಟ ಉದಾಹರಣೆಯನ್ನು ಪೂರ್ವಪಕ್ಷದವರು ತಮ್ಮ ಸೀಮೆಯಿಂದ ಒಂದಾದರೂ ತೋರಿಸಲಿ.

ವೇಗಮಿತಿಯ ವಿಷಯದಲ್ಲಿ ನಮ್ಮ ವ್ಯವಸ್ಥೆ ಸ್ಕೈಲೈನ್ ಡ್ರೈವಿಗಿಂತ ಮುಂದಿದೆ. ಅಲ್ಲಿ ಬೋರ್ಡು ಬೇಕು, ದಂಡ ಬೇಕು. ಇಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ, ಎರಡು ಟ್ರಾಲಿ ತುಂಬ ಕಬ್ಬು ಹೇರಿಕೊಂಡು, ಟೇಪು ಜೋರಾಗಿ ಹಾಕಿಕೊಂಡ ಒಂದು ಟ್ರ್ಯಾಕ್ಟರು ಸಾಕು. ಅದರ ಹಿಂದೆ ಎಂಥ ಕಾರಿನವನೂ ಪ್ರಕೃತಿ ವೀಕ್ಷಕನಾಗುತ್ತಾನೆ.

ಉಳಿದದ್ದು ಉದ್ಯಾನ. ಚೌಡಾಪುರವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿರೆಂದು ಅರ್ಜಿ ಬರೆಯಲು ಕೂತಾಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಕಲಮು ಅಡ್ಡಬಂತು. ರಾಷ್ಟ್ರೀಯ ಉದ್ಯಾನದಲ್ಲಿ ದನಕರು, ಆಡು, ಕುರಿ ಮೇಯುವಂತಿಲ್ಲ. ಅವುಗಳನ್ನು ಹೊರಗೆ ಹಾಕಿದರೆ ಕ್ರಾಸಿನ ಪ್ರಾಣಿಸಂಪತ್ತೇ ಖಾಲಿ. ಅರ್ಜಿಯನ್ನು ಹಿಂದಕ್ಕೆ ಪಡೆಯಲಾಗಿದೆ.

ಈ ಸಿದ್ಧಾಂತವನ್ನು ಒಪ್ಪದವರು ಕಾರ್ತಿಕದಲ್ಲಿ ಒಮ್ಮೆ ಬರ್ರಿ. ಕಲಬುರಗಿಯಿಂದ ಅಫಜಲಪುರದ ಬಸ್ಸು ಹತ್ತಿ ಚೌಡಾಪುರದಲ್ಲಿ ಇಳಿದು, ಗಾಣಗಾಪುರದ ರಸ್ತೆ ಹಿಡಿಯಿರಿ. ಹಳದಿ ಹೊಲ ಕಂಡರೆ ಮೊಬೈಲ್ ತೆಗೆಯುವ ಮೊದಲು ಹೊಲದವರನ್ನು ಕೇಳಿ, ಒಣಗಿದ ಗಿಡದ ಕಾಂಡ ಸೀಳಿಸಿ ನೋಡಿ. ಒಳಗೆ ಕಪ್ಪು ಗೆರೆ ಎಳೆದಿದ್ದರೆ ಫೋಟೊ ಬೇಡ. ಅವರನ್ನೂ ಕರೆದುಕೊಂಡು ಕ್ರಾಸಿಗೆ ಬಂದು ಚಹಾ ಕುಡಿಯಿರಿ, ದುಡ್ಡು ನೀವೇ ಕೊಡಿ.